ಅಟ್ಟ ಹತ್ತಿದ ಉಪ್ಪು

ಬಟ್ಟೆಯ ತುದಿಯನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಒಮ್ಮೆ ಉಜ್ಜಿದರೆ ಸಾಕು, ಅದರ ಹುಟ್ಟು, ಗುಣ, ಬಾಳಿಕೆ ಮೂರನ್ನೂ ಹೇಳಬಲ್ಲೆ. ಕಿಟಕಿ ಪರದೆಗಳ ವ್ಯಾಪಾರದಲ್ಲಿ ಮೂವತ್ತು ವರ್ಷ ಸವೆದ ಬೆರಳುಗಳು ಇವು. ಅದೇ ಅನುಭವದ ಮೇಲೆ ನನ್ನ ಹೆಂಡತಿಯ ಬಗ್ಗೆ ಹೇಳುವುದಾದರೆ: ಗಟ್ಟಿ ನೇಯ್ಗೆ. ಎಷ್ಟು ಒಗೆದರೂ ಬಣ್ಣ ಬಿಡುವ ಪೈಕಿಯಲ್ಲ. ಎಳೆದರೂ ಹಿಗ್ಗುವುದಿಲ್ಲ, ಹೊಗಳಿದರೂ ಹಿಗ್ಗುವುದಿಲ್ಲ. ಇಸ್ತ್ರಿ ಬೇಕಿಲ್ಲ, ಬೇರೆಯವರಿಗೆ ಇಸ್ತ್ರಿ ಹಾಕುವಷ್ಟು ಬಿಸಿ ಅದರೊಳಗೇ ಇದೆ. ಒಂದೇ ಒಂದು ದೋಷವೆಂದರೆ ಈ ಮಾಲಿಗೆ ನೆನಪಿನ ಶಕ್ತಿ ಜಾಸ್ತಿ.

ಇಷ್ಟನ್ನು ಬರೆದು ಅವಳಿಗೇ ಓದಿ ಹೇಳಿದೆ. ಕೇಳಿ, ಒಂದು ಕ್ಷಣ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಿಮ್ಮನ್ನ ಒಪ್ಪಿಕೊಳ್ಳೋ ಮುಂಚೆ ನಾನೂ ಒಂದ್ಸಲ ಉಜ್ಜಿ ನೋಡ್ಬೇಕಿತ್ತು ಕಣ್ರೀ. ಬರೀ ಅಂಚು ನೋಡಿ ಮೋಸಹೋದೆ."

ಇರಲಿ. ನಾನು ಹೇಳಹೊರಟಿದ್ದು ಕಂಪ್ಯೂಟರಿನ ಕಥೆ. ಆದರೆ ಅದು ಶುರುವಾಗುವುದು ಉಪ್ಪಿನ ಡಬ್ಬಿಯಿಂದ.

ಹೋದ ತಿಂಗಳು ಅವಳು ಎರಡು ದಿನದ ಮಟ್ಟಿಗೆ ಅಕ್ಕನ ಮನೆಗೆ ಹೋಗಿದ್ದಳು. ಆಗ ನನಗೊಂದು ಭವ್ಯವಾದ ಯೋಚನೆ ಹೊಳೆಯಿತು. (ನನಗೆ ಭವ್ಯವಾದ ಯೋಚನೆ ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೊಂದು ಒಡೆಯುತ್ತದೆ. ಈ ಸಲ ಒಡೆದದ್ದು ಗಾಜಿನ ಎರಡು ಲೋಟ, ಅದನ್ನು ಇನ್ನೂ ಯಾರಿಗೂ ಹೇಳಿಲ್ಲ.) ಇಷ್ಟು ವರ್ಷ ಅಂಗಡಿ ಜೋಡಿಸಿದ ನಾನು ನಮ್ಮ ಅಡುಗೆಮನೆಯನ್ನು ಯಾಕೆ ಶಾಸ್ತ್ರೀಯವಾಗಿ ಜೋಡಿಸಬಾರದು? ಅಂಗಡಿಯ ಮೊದಲ ಸೂತ್ರ ಇದು: ಗಿರಾಕಿ ಯಾವುದನ್ನು ಕೇಳಿಕೊಂಡು ಬರುತ್ತಾನೋ ಅದನ್ನು ಎಲ್ಲಕ್ಕಿಂತ ಹಿಂದೆ ಇಡಬೇಕು. ಅದರ ಹತ್ತಿರ ಹೋಗುವಷ್ಟರಲ್ಲಿ ದಾರಿಯ ಹತ್ತು ಮಾಲಿನ ಮೇಲೆ ಕಣ್ಣು ಬೀಳಬೇಕು. ಅಡುಗೆಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೇಕಾಗುವುದು ಯಾವುದು? ಉಪ್ಪು. ಉಪ್ಪನ್ನು ಅಟ್ಟಕ್ಕೇರಿಸಿದೆ. ಉಳಿದ ಮೂವತ್ತಾರು ಡಬ್ಬಿಗಳನ್ನು ಎತ್ತರ, ಬಣ್ಣ, ಮುಚ್ಚಳದ ಹೊಳಪು ನೋಡಿ ಸೈನಿಕರ ಹಾಗೆ ನಿಲ್ಲಿಸಿದೆ. ವರ್ಷಕ್ಕೊಮ್ಮೆಯೂ ಹೊರಗೆ ಬರದ ಕೇಕಿನ ಅಚ್ಚುಗಳು ಒಲೆಯ ಪಕ್ಕದಲ್ಲಿ ಪ್ರದರ್ಶನಕ್ಕೆ ನಿಂತವು.

ಅವಳು ಬಂದಳು. ಒಲೆ ಹಚ್ಚಿದಳು. ಎಡಗೈಯನ್ನು ಪಕ್ಕಕ್ಕೆ ಚಾಚಿದಳು. ಕೈಗೆ ಕೇಕಿನ ಅಚ್ಚು ಬಂತು.

"ರೀ, ಉಪ್ಪೆಲ್ಲಿ?"

"ಅಟ್ಟದ ಮೇಲೆ. ಎಡಗಡೆಯಿಂದ ಮೂರನೇದು."

"ಅಟ್ಟದ ಮೇಲೆ ಉಪ್ಪಿಗೇನು ಕೆಲಸ?"

ಸೂತ್ರವನ್ನು ವಿವರಿಸಿದೆ. ದಾರಿಯಲ್ಲಿ ಹತ್ತು ವಸ್ತು ಕಣ್ಣಿಗೆ ಬೀಳುವುದರ ಮಹತ್ವವನ್ನೂ ಹೇಳಿದೆ.

"ಬಿದ್ರೆ? ನನ್ನ ಮನೇಲಿ ನಾನೇ ಕೊಂಡ್ಕೊಳ್ಳಬೇಕಾ ಅದನ್ನ?"

ಆಗ ನಾನೊಂದು ಉಪನ್ಯಾಸ ಮಾಡಿದೆ. ಅದರ ಒಂದೊಂದು ಮಾತನ್ನೂ ನೆನಪಿಟ್ಟುಕೊಳ್ಳಿ (ಅವಳಂತೂ ಇಟ್ಟುಕೊಂಡಳು): "ನೋಡು, ಇದು ಹೊಸ ವ್ಯವಸ್ಥೆ. ಮೊದಮೊದಲು ಕಷ್ಟ ಅನ್ಸುತ್ತೆ. ಒಂದು ವಾರ, ಅಷ್ಟೇ. ಆಮೇಲೆ ಕೈ ತಾನಾಗೇ ಹೋಗುತ್ತೆ. ಕಾಲದ ಜೊತೆ ಹೆಜ್ಜೆ ಹಾಕೋದು ಕಲೀಬೇಕು."

ಅವಳು ಸ್ಟೂಲು ಎಳೆದುಕೊಂಡು ಹತ್ತಿದಳು. ಮರುದಿನ ಬೆಳಗ್ಗೆ ನನ್ನ ಕಾಫಿಗೆ ಉಪ್ಪು ಬಿದ್ದಿತ್ತು. ಉಪ್ಪು, ಸಕ್ಕರೆ ಎರಡೂ ಡಬ್ಬಿ ಅಟ್ಟದ ಮೇಲೆ ಅವಳಿಜವಳಿಯ ಹಾಗೆ ಅಕ್ಕಪಕ್ಕ ನಿಂತಿದ್ದವು, ನಿಲ್ಲಿಸಿದವನು ನಾನೇ ಆದ್ದರಿಂದ ತುಟಿಪಿಟಕ್ಕೆನ್ನದೆ ಕುಡಿದೆ. ಉಪ್ಪನ್ನು ಅವಳು ಕೆಳಗಿಳಿಸಿ ಇಟ್ಟುಕೊಳ್ಳಲಿಲ್ಲ, ಬಳಸಿ ಮತ್ತೆ ಮೇಲಿಡುತ್ತಿದ್ದಳು: "ಹತ್ತಿಸಿದವರೇ ಇಳಿಸ್ಲಿ." ನಾನೂ ಇಳಿಸಲಿಲ್ಲ. ಒಮ್ಮೆ ಕೊಟ್ಟ ಮಾಲನ್ನು ವಾಪಸ್ ತೆಗೆದುಕೊಳ್ಳುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ. ಹೀಗೆ ಒಂದು ತಿಂಗಳು ಕಳೆಯಿತು. ಸ್ಟೂಲು ಅಡುಗೆಮನೆಯ ನಟ್ಟನಡುವೆ ನೆಲೆಸಿತು. ನನ್ನ ಬಲಗಾಲಿನ ಕಿರುಬೆರಳು ಅದನ್ನು ದಿನಕ್ಕೆರಡು ಸಲ ಮಾತಾಡಿಸುತ್ತಿತ್ತು.

ಈಗ ಕಂಪ್ಯೂಟರಿಗೆ ಬರೋಣ. ಅದಿರುವುದು ನಮ್ಮ ಹೊರಕೋಣೆಯ ಮೇಜಿನ ಮೇಲೆ. ಅದನ್ನು ನಾನು ಕಲಿತದ್ದು ನನ್ನದೇ ವಿಧಾನದಲ್ಲಿ. ಅಂಗಡಿಯಲ್ಲಿ ಬಟ್ಟೆಯ ಸುರುಳಿಗಳಿಗೆ ಅಂಟಿಸುವ ಬಿಳಿ ಚೀಟಿಗಳಿವೆಯಲ್ಲ, ಅವುಗಳ ಮೇಲೆ 'ಗಿರಾಕಿ', 'ಅಳತೆ', 'ಕಳಿಸು', 'ಮುಚ್ಚು' ಎಂದು ಬರೆದು ಕಂಪ್ಯೂಟರಿನ ಗಾಜಿನ ಮೇಲೆ ಆಯಾ ಚಿತ್ರದ ಪಕ್ಕಕ್ಕೇ ಅಂಟಿಸಿಕೊಂಡಿದ್ದೆ. ಚಿತ್ರ ಯಾವುದು, ಅದರ ಹೆಸರೇನು, ನನಗೆ ಬೇಕಿಲ್ಲ. ಚೀಟಿ ಇರುವಲ್ಲಿ ಒತ್ತಿದರೆ ಬೇಕಾದ್ದು ತೆರೆದುಕೊಳ್ಳುತ್ತಿತ್ತು. ಆರು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಮೊನ್ನೆ ಶುಕ್ರವಾರ. ಊರಾಚೆ ಹೊಸದಾಗಿ ಕಟ್ಟಿದ ಲಾಡ್ಜಿನ ಒಡತಿ ಅರವತ್ತನಾಲ್ಕು ಕಿಟಕಿಗಳ ಪರದೆಗೆ ದರಪಟ್ಟಿ ಕೇಳಿದ್ದರು. ಸಂಜೆ ಐದರೊಳಗೆ ಕಳಿಸಬೇಕು, ಐದಾದ ಮೇಲೆ ಬಂದದ್ದನ್ನು ತೆರೆದೂ ನೋಡುವುದಿಲ್ಲ ಎಂದಿದ್ದರು. ನನ್ನ ಮೂವರು ದರ್ಜಿಗಳು ಎರಡು ವಾರದಿಂದ ಕೈಕಟ್ಟಿ ಕೂತಿದ್ದರು. ಹೊಲಿಗೆ ಯಂತ್ರಗಳಿಗೆ ಎಣ್ಣೆ ಬಿಟ್ಟೂ ಬಿಟ್ಟೂ ಹಿರಿಯ ದರ್ಜಿಯ ಅಂಗಿಯೇ ಜಾರುವಂತಾಗಿತ್ತು. ಈ ಆರ್ಡರು ಸಿಕ್ಕರೆ ಅವರಿಗೆ ಮಳೆಗಾಲ ಮುಗಿಯುವವರೆಗೂ ಕೆಲಸ. ಸಿಗದಿದ್ದರೆ ಒಬ್ಬರನ್ನಾದರೂ ಬಿಡಬೇಕಾಗುತ್ತಿತ್ತು, ಯಾರನ್ನು ಎಂದು ಯೋಚಿಸಲು ನನಗೆ ಧೈರ್ಯವಿರಲಿಲ್ಲ. ಅಳತೆ, ದರ ಎಲ್ಲವೂ ಹೋದ ತಿಂಗಳೇ ಸಿದ್ಧವಾಗಿ ಕಂಪ್ಯೂಟರಿನಲ್ಲಿ ಕೂತಿತ್ತು. ಒತ್ತಿ ಕಳಿಸುವುದಷ್ಟೇ ಬಾಕಿ.

ಊಟ ಮುಗಿಸಿ ಎರಡು ಗಂಟೆಗೆ ಅದರ ಮುಂದೆ ಕೂತೆ. ಒಂದು ಚೌಕ ಮೂಡಿ, ಹೊಸ ಆವೃತ್ತಿ ಬಂದಿದೆ ಎಂದಿತು. ಕೆಳಗೆ ಎರಡು ಗುಂಡಿಗಳು: 'ಈಗ', 'ಆಮೇಲೆ'. 'ಬೇಡ' ಎನ್ನುವ ಗುಂಡಿಯೇ ಇಲ್ಲ! ಬೇಡವೆನ್ನಲು ಬಾಯನ್ನೇ ಕೊಡದೆ ಮಾರುವುದು! ನನ್ನ ಇಷ್ಟು ವರ್ಷದ ವ್ಯಾಪಾರದಲ್ಲಿ ಇದು ಹೊಳೆದೇ ಇರಲಿಲ್ಲವಲ್ಲ ಎಂದು ತಲೆದೂಗಿ, ಆ ಅಪರಿಚಿತ ವೃತ್ತಿಬಾಂಧವನ ಗೌರವಾರ್ಥ 'ಈಗ' ಎಂಬುದನ್ನು ಒತ್ತಿದೆ.

ಒಂದು ವೃತ್ತ ತಿರುಗತೊಡಗಿತು. ಎರಡು ಗಂಟೆ ತಿರುಗಿತು. ಕೂತಲ್ಲೇ ನನಗೆ ತಲೆಸುತ್ತು ಬಂತು. ನಾಲ್ಕಕ್ಕೆ ಪರದೆ ಬೆಳಗಿದಾಗ ನನ್ನ ಹಳೆಯ ಕಂಪ್ಯೂಟರು ಸತ್ತು ಬೇರೆ ಮನೆಯಲ್ಲಿ ಹುಟ್ಟಿ ಬಂದಿತ್ತು. ಎಡಮೂಲೆಯಲ್ಲಿದ್ದವೆಲ್ಲ ನಡುವಿಗೆ ಬಂದು ಸಭೆ ಸೇರಿದ್ದವು. ಮೂಲೆಗಳೆಲ್ಲ ಸೋಪಿನ ತುಂಡಿನ ಹಾಗೆ ನುಣ್ಣಗಾಗಿದ್ದವು. ಹಿಂದೆ ನೀಲಿ ಬಟ್ಟೆ ಮಡಿಸಿಟ್ಟಂಥ ಒಂದು ಚಿತ್ರ. (ಮಡಿಕೆ ಸರಿಯಿಲ್ಲ, ನನ್ನ ಹಿರಿಯ ದರ್ಜಿ ನೋಡಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದ.) ನನ್ನ ಚೀಟಿಗಳು ಮಾತ್ರ ಇದ್ದಲ್ಲೇ ಇದ್ದವು, ರೈಲು ಹೋದ ಮೇಲೂ ಕೈಬೀಸುತ್ತ ನಿಂತವರ ಹಾಗೆ.

ಅಭ್ಯಾಸಬಲ ನೋಡಿ, ಆದರೂ ಚೀಟಿಯ ಪಕ್ಕದಲ್ಲೇ ಒತ್ತಿದೆ. 'ಗಿರಾಕಿ' ಎಂಬಲ್ಲಿ ಒತ್ತಿದರೆ ಯಾವುದೋ ದೂರದ ದೇಶದಲ್ಲಿ ಹಿಮ ಬೀಳಲಿದೆ ಎಂದು ಎಚ್ಚರಿಸಿತು. 'ಅಳತೆ' ಒತ್ತಿದೆ. ಒಬ್ಬ ಬೋಳುತಲೆಯ ಮನುಷ್ಯ ಗಾಬರಿಯಿಂದ ನನ್ನನ್ನೇ ದಿಟ್ಟಿಸಿದ. "ಯಾರ್ರೀ ನೀವು? ನನ್ನ ಕಂಪ್ಯೂಟರಿನಲ್ಲಿ ಏನು ಮಾಡ್ತಿದ್ದೀರಿ?" ಎಂದೆ. ಅವನ ಬಾಯಿಯೂ ನನ್ನ ಜೊತೆಗೇ ಅಲ್ಲಾಡಿದಾಗ ಕ್ಯಾಮೆರಾ ಎಂದು ತಿಳಿಯಿತು. ಬೆವರೊರೆಸಿಕೊಂಡು 'ಮುಚ್ಚು' ಒತ್ತಿದೆ. ಕಂಪ್ಯೂಟರು ಮಾತಾಡತೊಡಗಿತು. ಬಾಣ ಎಲ್ಲಿ ಹೋದರೆ ಅಲ್ಲಿರುವುದನ್ನೆಲ್ಲ ಒಬ್ಬ ಹೆಂಗಸಿನ ಇಂಪಾದ ಧ್ವನಿ ಓದಿ ಹೇಳುತ್ತಿತ್ತು: "ನಿಮಗೆ ಇದು ಇಷ್ಟವಾಗಬಹುದು. ಮತ್ತೊಮ್ಮೆ ಪ್ರಯತ್ನಿಸಿ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ಥಟ್ಟನೆ ನಿಂತಿತು.

"ಯಾರ್ರೀ ಅದು ಹೆಂಗಸು?"

"ಯಾರೂ ಇಲ್ಲ ಕಣೇ!"

"ನಿಮಗೆ ಸಹಾಯ ಬೇಕೇ?" ಎಂದಳು ಕಂಪ್ಯೂಟರಿನವಳು. ಸದ್ದಡಗಿಸಲು ಹೋದೆ, ಅವಳು ಇನ್ನೂ ಜೋರಾದಳು.

ನನ್ನ ಹೆಂಡತಿ ಸೌಟು ಹಿಡಿದೇ ಹೊರಗೆ ಬಂದಳು. ಪರದೆಯ ಒಂದು ಪಕ್ಕದಲ್ಲಿ ಹಿಮ, ಇನ್ನೊಂದು ಪಕ್ಕದಲ್ಲಿ ಬೋಳುತಲೆ. ಗೋಡೆ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು. 'ಈಗ', 'ಆಮೇಲೆ' ಗುಂಡಿಗಳಿಂದ ಹಿಡಿದು ದರ್ಜಿಗಳ ಪಾಡಿನವರೆಗೆ ವಿಷಯವನ್ನೆಲ್ಲ ಹೇಳಿದೆ. "ಎಲ್ಲಿದ್ದದ್ದು ಅಲ್ಲೇ ಇದ್ದಿದ್ರೆ ಇದನ್ನ ಮಾಡಿದವನ ಗಂಟೇನು ಹೋಗ್ತಿತ್ತು? ಚೆನ್ನಾಗಿ ನಡೀತಿದ್ದದ್ದನ್ನ ಯಾಕೆ ಮುಟ್ಟಬೇಕು? ಉಪಯೋಗಿಸೋರನ್ನ ಒಂದು ಮಾತು ಕೇಳ್ಬೇಡ್ವಾ?" ಎಂದು ಕೂಗಾಡಿದೆ.

ಅವಳು ಸೌಟನ್ನು ಮೇಜಿನ ಮೇಲಿಟ್ಟಳು. ಕುರ್ಚಿ ಎಳೆದು ಕೂತಳು. ಗಂಟಲು ಸರಿಮಾಡಿಕೊಂಡಳು.

"ನೋಡಿ, ಇದು ಹೊಸ ವ್ಯವಸ್ಥೆ. ಮೊದಮೊದಲು ಕಷ್ಟ ಅನ್ಸುತ್ತೆ. ಒಂದು ವಾರ, ಅಷ್ಟೇ. ಆಮೇಲೆ ಕೈ ತಾನಾಗೇ ಹೋಗುತ್ತೆ. ಕಾಲದ ಜೊತೆ..."

"ಸಾಕು ಮಾರಾಯ್ತಿ!"

"...ಹೆಜ್ಜೆ ಹಾಕೋದು ಕಲೀಬೇಕು," ಎಂದು ಮುಗಿಸಿಯೇ ಬಿಟ್ಟಳು. ಆಮೇಲೆ ಗಾಜಿನ ಮೇಲಿನ ಚೀಟಿಗಳನ್ನು ಒಂದೊಂದಾಗಿ ಉಗುರಿನಿಂದ ಕಿತ್ತಳು. "ಮೊದಲು ಹಳೇದನ್ನ ಮರೀಬೇಕು. ಒಂದು ತಿಂಗಳಿಂದ ನಾನು ಮಾಡ್ತಿರೋದು ಅದೇ ಕೆಲಸ. ಇದ್ದ ಜಾಗದಲ್ಲಿ ಹುಡುಕಬಾರದು, ಪ್ರತಿ ಬಾಗಿಲೂ ತೆರೆದು ನೋಡ್ಬೇಕು. ಹೂಂ, ಇಲ್ಲಿ 'ಹುಡುಕಿ' ಅಂತ ಇದೆ. ದರಪಟ್ಟಿಗೆ ಏನಂತ ಹೆಸರಿಟ್ಟಿದ್ದೀರಿ?"

"ಹೊಸದು."

ಅವಳು ಬರೆದಳು. 'ಹೊಸದು', 'ಹೊಸದು ಎರಡು', 'ಹೊಸದು ಕೊನೆಯದು', 'ಕೊನೆಯದಕ್ಕಿಂತ ಹೊಸದು' ಎಂದು ನಲವತ್ತೊಂದು ಬಂದವು. ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ಅವಳು ಬಾಯಿ ತೆರೆಯುವ ಮೊದಲೇ ಕಂಪ್ಯೂಟರಿನವಳು ನಲವತ್ತೊಂದನ್ನೂ ಓದತೊಡಗಿದಳು.

"ಯಾವತ್ತು ಬರೆದದ್ದು ನೆನಪಿದೆಯಾ?"

"ತಾರೀಕು ಯಾರಿಗೆ ನೆನಪಿರುತ್ತೆ? ಹೋದ ತಿಂಗಳು. ಕಾಫಿಗೆ ಉಪ್ಪು ಬಿದ್ದ ದಿನ."

"ಹದಿನೆಂಟು, ಗುರುವಾರ," ಎಂದಳು ತಕ್ಷಣ. "ಕಾಫಿ ಕುಡಿದದ್ದು ಏಳೂಕಾಲಿಗೆ. ನೀವು ಬರೆಯೋಕೆ ಕೂತದ್ದು ಎಂಟಕ್ಕೆ." (ಈ ಮಾಲಿನ ದೋಷ ಎಂದು ಮೊದಲೇ ಬರೆದೆನಲ್ಲ, ಆ ನೆನಪಿನ ಶಕ್ತಿ. ಆ ಸಾಲನ್ನು ಈಗ ಹೊಡೆದುಹಾಕುತ್ತಿದ್ದೇನೆ.) ಹದಿನೆಂಟರಂದು ಬರೆದದ್ದು ಒಂದೇ ಒಂದಿತ್ತು. ತೆರೆದಳು. ಅರವತ್ತನಾಲ್ಕು ಕಿಟಕಿಗಳೂ ಸಾಲಾಗಿ ಕಣ್ಣುಬಿಟ್ಟವು. ಗಡಿಯಾರದಲ್ಲಿ ನಾಲ್ಕೂ ಐವತ್ತು.

"ಕಳಿಸು ಕಳಿಸು!"

ಅವಳ ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಲಿಲ್ಲ. "ಉಪ್ಪು ಕೆಳಗೆ ಬರಬೇಕು."

ನಾನು ಒಂದೇ ಮಾತಿನ ವ್ಯಾಪಾರಿ. ಗಿರಾಕಿ ಬಾಗಿಲವರೆಗೆ ಹೋದರೂ ಮಣಿಯದವನು. "ಭಾನುವಾರ ಇಳಿಸ್ತೀನಿ," ಎಂದೆ.

"ಈಗ, ಆಮೇಲೆ. ಎರಡೇ ಗುಂಡಿ ಇರೋದು. ನಿಮಗೆ 'ಆಮೇಲೆ' ಇಲ್ಲ."

ಓಡಿದೆ. ಒಂದು ತಿಂಗಳಲ್ಲಿ ಮೊದಲ ಸಲ ಆ ಸ್ಟೂಲು ಹತ್ತಿದೆ. ಅಟ್ಟ ನಾನು ಅಂದುಕೊಂಡದ್ದಕ್ಕಿಂತ ಎತ್ತರದಲ್ಲಿತ್ತು (ಉಪ್ಪು ಹತ್ತಿಸಿದ ದಿನ ಅಂಗಡಿಯ ಏಣಿ ತಂದಿದ್ದೆ). ತುದಿಗಾಲಲ್ಲಿ ನಿಂತರೂ ಬೆರಳಷ್ಟೇ ಮುಟ್ಟುತ್ತಿತ್ತು. ನನಗಿಂತ ಗೇಣುದ್ದ ಗಿಡ್ಡಗಿರುವ ಅವಳು ದಿನಕ್ಕೆ ಮೂರು ಹೊತ್ತು ಇದನ್ನು ಹೇಗೆ ಇಳಿಸುತ್ತಿದ್ದಳು? ಹೊರಕೋಣೆಯಲ್ಲಿ ಕೀಲಿಗಳು ಟಕಟಕ ಅನ್ನುತ್ತಿದ್ದವು, ಕಂಪ್ಯೂಟರಿನವಳು ಒಂದೊಂದೇ ಅಕ್ಷರ ಓದುತ್ತಿದ್ದಳು. ಅಟ್ಟದಲ್ಲಿ ಡಬ್ಬಿಗಳನ್ನು ತಡಕಾಡುತ್ತಿದ್ದ ನನಗೆ ಏನೂ ಬಿಡಿಸಿ ಕೇಳಲಿಲ್ಲ. ಉಪ್ಪಿನ ಡಬ್ಬಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡ ಹೊತ್ತಿಗೆ ಇಂಪಾದ ಧ್ವನಿ ಬಂತು: "ಸಂದೇಶ ಕಳುಹಿಸಲಾಗಿದೆ." ನಾಲ್ಕೂ ಐವತ್ತೇಳು.

ಸೋಮವಾರ ಲಾಡ್ಜಿನ ಒಡತಿಯೇ ಫೋನು ಮಾಡಿದರು. "ನಾಲ್ಕು ಜನರದ್ದು ಬಂದಿತ್ತು. ದರ ಎಲ್ಲರದ್ದೂ ಹೆಚ್ಚೂಕಮ್ಮಿ ಒಂದೇ. ಕೆಲಸ ನಿಮಗೆ ಕೊಡ್ತಿದ್ದೀನಿ."

ನಾನು ಎದೆಯುಬ್ಬಿಸಿದೆ. "ಮೂವತ್ತು ವರ್ಷದ ಅನುಭವ ಮೇಡಂ. ಬಟ್ಟೆ ಮುಟ್ಟಿದ್ರೆ ಸಾಕು..."

"ಬಟ್ಟೆ ಇರ್ಲಿ ಬಿಡಿ. ನಂಗೆ ಹಿಡಿಸಿದ್ದು ನಿಮ್ಮ ಕೊನೇ ಸಾಲು. ಅದು ನೀವು ಬರೆದ ಹಾಗಿಲ್ಲ, ಬರೆದವರನ್ನೇ ಕಳಿಸಿ, ಕೋಣೆ ಚೊಕ್ಕಟ ಮಾಡೋ ನಮ್ಮ ಹೆಂಗಸರ ಜೊತೆ ಮಾತಾಡ್ಲಿ. ನೀವು ಬರೋದೇನೂ ಬೇಡ."

ನಾನು ಅಂಥ ಸಾಲು ಬರೆದೇ ಇರಲಿಲ್ಲ. ಕಂಪ್ಯೂಟರು ತೆರೆದು, ಹದಿನೆಂಟನೇ ತಾರೀಕಿನದನ್ನು ಹುಡುಕಿ (ಹುಡುಕುವುದು ಈಗ ನನಗೂ ಬರುತ್ತದೆ), ಕೊನೆಗೆ ಹೋದೆ. ಅರವತ್ತನಾಲ್ಕನೇ ಕಿಟಕಿಯ ಕೆಳಗೆ ಹೀಗಿತ್ತು:

'ಪರದೆ ಎಳೆಯುವ ಹಗ್ಗವನ್ನು ಎಲ್ಲಿ ಕಟ್ಟಬೇಕು ಎಂದು, ದಿನಾ ಎಳೆಯುವವರನ್ನು ಕೇಳಿಯೇ ಕಟ್ಟುತ್ತೇವೆ.'

ಇವತ್ತು ಬೆಳಗ್ಗೆ ಅವಳು ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು, ಹಿರಿಯ ದರ್ಜಿಯನ್ನು ಜೊತೆಗೆ ಕರೆದುಕೊಂಡು ಲಾಡ್ಜಿಗೆ ಹೊರಟಳು. ನಾನು ಅಂಗಡಿಗೆ ರಜೆ ಹಾಕಿ ಅಡುಗೆಮನೆಯಲ್ಲಿ ನಿಂತಿದ್ದೆ. ಮೂವತ್ತೇಳು ಡಬ್ಬಿಗಳೂ ನೆಲದ ಮೇಲಿದ್ದವು. ಉಪ್ಪೊಂದನ್ನು ಒಲೆಯ ಎಡಕ್ಕೆ ಇಟ್ಟೆ, ಅಂದು ಅವಳ ಎಡಗೈ ಅಲ್ಲಿಗೇ ಚಾಚಿತ್ತು. ಉಳಿದದ್ದು?

"ಲೇ, ಸಕ್ಕರೆ ಮೊದಲು ಎಲ್ಲಿತ್ತೇ?" ಎಂದು ಬಾಗಿಲವರೆಗೆ ಓಡಿ ಕೇಳಿದೆ.

ಅವಳು ಚಪ್ಪಲಿ ಮೆಟ್ಟುತ್ತಿದ್ದಳು. "ಇಪ್ಪತ್ತಾರು ವರ್ಷ ಈ ಮನೇಲಿ ಕಾಫಿ ಕುಡಿದಿದ್ದೀರಿ. ಒಂದ್ಸಲ ಆದ್ರೂ ಒಳಗೆ ಬಂದು ನೋಡಿದ್ರೆ ತಾನೇ? ಹುಡುಕಿ," ಎಂದಳು. ಗೇಟಿನ ಹತ್ತಿರ ತಿರುಗಿ ನಿಂತು, "ಆ ಎರಡು ಗಾಜಿನ ಲೋಟದ ವಿಷಯ ನಂಗೊತ್ತು," ಎಂದು ಹೇಳಿ ಹೋದಳು.

ನನ್ನ ಹೆಂಡತಿಗೆ ನಾನು ಒಂದು ಅಡುಗೆಮನೆ ಕೊಡಬೇಕು, ಮೊದಲಿದ್ದ ಹಾಗೆಯೇ. ಜೊತೆಗೆ ಎರಡು ಲೋಟ.