ಮುಂದಿನ ವರ್ಷದ ಮಗಳಿಗೆ ಡೈವಿಂಗ್ ಸೂಟು

ನಲವತ್ತೇಳನೆಯ ವಯಸ್ಸಿನ ತನಕ ನನ್ನ ಮೈಗೆ ಸರಿಯಾಗಿ ಕೂಡುವ ಹೊಸ ಬಟ್ಟೆಯನ್ನು ನಾನು ತೊಟ್ಟಿರಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಚಿಕ್ಕಂದಿನಲ್ಲಿ ಅಪ್ಪ ನನ್ನನ್ನು ದರ್ಜಿಯ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ದರ್ಜಿ ಟೇಪು ಹಿಡಿಯುತ್ತಿದ್ದದ್ದು ಬರೀ ಶಾಸ್ತ್ರಕ್ಕೆ. ಅವನು ಹೇಳಿದ ಅಂಕಿಗೆ ಅಪ್ಪ ನಾಲ್ಕಿಂಚು ಸೇರಿಸಿ, "ಬೆಳಿಯೂ ಹುಡುಗ ಅದಾನ, ದೊಡ್ಡದ ಹೊಲಿ" ಎನ್ನುತ್ತಿದ್ದರು. ಹಾಗಾಗಿ ನನ್ನ ಚಡ್ಡಿ ಮೊಣಕಾಲು ದಾಟಿ ಕೆಳಗಿಳಿಯುತ್ತಿತ್ತು, ತೋಳು ಬೆರಳುಗಳನ್ನು ನುಂಗುತ್ತಿತ್ತು, ಬೂಟಿನ ಮೂತಿಯಲ್ಲಿ ನನ್ನ ಕಾಲಿಗಿಂತ ಹೆಚ್ಚಾಗಿ ಹತ್ತಿಯೇ ವಾಸ ಮಾಡುತ್ತಿತ್ತು. ನಾನೂ ಬೆಳೆದೆ, ಇಲ್ಲವೆನ್ನಲಾರೆ. ಆದರೆ ಅಂಗಿ ನನಗೆ ಸರಿಹೊಂದುವ ಹೊತ್ತಿಗೆ ಅದರ ಮೊಣಕೈ ಹರಿದು, ಗುಂಡಿ ಉದುರಿ, ಅದು ಒಲೆಯ ಮುಂದಿನ ಮಸಿಬಟ್ಟೆಯಾಗುವ ದಾರಿ ಹಿಡಿದಿರುತ್ತಿತ್ತು. ಕೊನೆಗೆ ಐದು ಅಡಿ ಎರಡು ಇಂಚಿಗೆ ದೇವರು ನನ್ನ ಕಡತವನ್ನು ಮುಚ್ಚಿಬಿಟ್ಟ. ಅಪ್ಪ ಸೇರಿಸಿದ ಇಂಚುಗಳೆಲ್ಲ ಹಾಗೆಯೇ ಉಳಿದವು.

ಇದರಲ್ಲಿ ನಗಬೇಕಾದ ಸಂಗತಿ ಬೇರೆಯೇ ಇದೆ. ನಾನು ಹೊಟ್ಟೆಪಾಡಿಗೆ ಮಾಡುವುದು ಅಳೆಯುವ ಕೆಲಸ. ಯಲಬುರ್ಗಾ ತಾಲೂಕಿನಲ್ಲಿ ಭೂಮಾಪಕ. ಒಂದು ಗೇಣು ಬದು ಆಚೀಚೆಯಾದರೆ ಅಣ್ಣತಮ್ಮಂದಿರು ಮಾತು ಬಿಡುವ ಊರುಗಳಲ್ಲಿ ಸರಪಳಿ ಹಿಡಿದು ಇಪ್ಪತ್ತು ವರ್ಷ ಓಡಾಡಿದ್ದೇನೆ. ಗುಂಟೆ, ಆಣೆಗಳ ಲೆಕ್ಕದಲ್ಲಿ ನನ್ನನ್ನು ತಪ್ಪಿಸಿದವರಿಲ್ಲ. ಆದರೆ ಮನೆಯ ಹೊಸ್ತಿಲು ದಾಟಿದ ಕೂಡಲೇ ನನ್ನೊಳಗೆ ಅಪ್ಪ ಎದ್ದು ಕೂರುತ್ತಾರೆ. ಮಗಳು ಸುಮಿಗೆ ಈ ತನಕ ತಂದ ಫ್ರಾಕು, ಚಪ್ಪಲಿ, ಸಮವಸ್ತ್ರ, ಸೈಕಲ್ಲು ಎಲ್ಲವೂ ದೊಡ್ಡವೇ. ಸೈಕಲ್ಲಿನ ಸೀಟಿನ ಮೇಲೆ ಕೂತರೆ ಅವಳ ಕಾಲು ಪೆಡಲಿಗೆ ಮುಟ್ಟಲು ಎರಡು ವರ್ಷ ಬೇಕಾಯಿತು.

ಸುಮಿಗೆ ಈಗ ಹದಿನಾಲ್ಕು. ಗಾತ್ರದಲ್ಲಿ ನನ್ನದೇ ಪ್ರತಿ, ಅದೂ ಸ್ವಲ್ಪ ಕುಗ್ಗಿಸಿ ತೆಗೆದ ಪ್ರತಿ. ಶಾಲೆಯಲ್ಲಿ ಪ್ರಾರ್ಥನೆಗೆ ನಿಲ್ಲುವಾಗ ಎಂಟನೆಯ ತರಗತಿಯ ಸಾಲಿಗೆ ಆರನೆಯ ತರಗತಿಯ ಹುಡುಗಿ ಬಂದಿದ್ದಾಳೆಂದು ಹೊಸ ಮಾಸ್ತರರು ಅವಳನ್ನು ಎರಡು ಸಲ ಹಿಂದಕ್ಕೆ ಕಳಿಸಿದ್ದರು. ಆದರೆ ನೀರಿಗಿಳಿದರೆ ಹುಡುಗಿ ಮೀನು. ನನ್ನ ಹೆಂಡತಿ ಸುಜಾತಾಳ ತವರು ತಳಕಲ್. ಅಲ್ಲಿಯ ಹೊಲದ ಬಾವಿಯಲ್ಲಿ ಸುಮಿಯ ಸೋದರಮಾವ ಮಂಜುನಾಥ ಅವಳ ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಈಜು ಕಲಿಸಿದ. ಎರಡನೆಯ ಬೇಸಿಗೆಗೆ ಡಬ್ಬಿ ಬಿಚ್ಚಿ ಎಸೆದಳು. ನಾನೋ, ಬಾವಿಯ ದಂಡೆಯಲ್ಲಿ ಕೂತು "ಹುಷಾರು" ಎನ್ನುವುದನ್ನಷ್ಟೇ ಕಲಿತವನು.

ಈ ಮಂಜುನಾಥ ಕಾರವಾರದಲ್ಲಿ ನೌಕರಿ ಹಿಡಿದು, ಅಲ್ಲಿ ಸಮುದ್ರದೊಳಗೆ ಮುಳುಗುವ ಚಟ ಅಂಟಿಸಿಕೊಂಡ. ಸ್ಕೂಬಾ ಡೈವಿಂಗ್ ಅಂತೆ. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ಕೊಳವೆ, ಸೊಂಟಕ್ಕೆ ಸೀಸದ ತುಂಡುಗಳ ಪಟ್ಟಿ. ಸೀಸ ಯಾಕೆ ಎಂದು ಕೇಳಿದೆ. ಮುಳುಗಲು ಎಂದ. ಮುಳುಗದಿರಲಿ ಎಂದು ಡಬ್ಬಿ ಕಟ್ಟುವ ಜನ ನಾವು. ದುಡ್ಡು ಕೊಟ್ಟು, ಭಾರ ಕಟ್ಟಿಕೊಂಡು, ಬೇಕಂತಲೇ ಮುಳುಗುವುದೆಂದರೆ ನನಗೆ ಅರ್ಥವಾಗಲಿಲ್ಲ. ಸುಮಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು. ಬೇಸಿಗೆ ರಜೆಯಲ್ಲಿ ಹೊಸಬರಿಗೆ ಕಲಿಸುವ ನಾಲ್ಕು ದಿನದ ತರಬೇತಿ ಇದೆ ಎಂದು ಮಂಜುನಾಥ ಫೋನು ಮಾಡಿದ ದಿನದಿಂದ ಅವಳು ಬಕೆಟ್ಟಿನಲ್ಲಿ ಮುಖ ಅದ್ದಿ ಉಸಿರು ಹಿಡಿಯತೊಡಗಿದಳು. ಸ್ನಾನಕ್ಕೆ ಹೋದವಳು ಹೊರಬರದೆ ಸುಜಾತಾ ದಿನಾ ಬಾಗಿಲು ಬಡಿಯಬೇಕಾಯಿತು.

"ಮಾಮಾ, ಸಿಲಿಂಡರ್ ಎಲ್ಲಾ ಇಲ್ಲೇ ಕೊಡ್ತಾರ. ಆದ್ರ ಸುಮಿಯಷ್ಟು ಸಣ್ಣಾಕಿಗೆ ಆಗೂವಂಥ ಸೂಟು, ಮಾಸ್ಕು, ಕಾಲಿಗೆ ಹಾಕೂ ಫಿನ್ನು ಇವರ ಹತ್ರ ಇಲ್ಲ. ಅವು ಮೂರು ನಮ್ಮವ ಬೇಕು. ಸರಿಯಾಗಿ ಕೂಡಲಿಲ್ಲಂದ್ರ ನೀರಿಗೆ ಇಳಸಂಗಿಲ್ಲ. ನಾ ಇಲ್ಲಿಂದ ತರಲೇನು?" ಎಂದ ಮಂಜುನಾಥ.

"ಏ, ನನ್ನ ಮಗಳ ಸಾಮಾನು ನಾ ತರ್ತೀನಿ ಬಿಡೋ" ಎಂದೆ. ಈ ಕಥೆಯ ಅನಾಹುತವೆಲ್ಲ ಹುಟ್ಟಿದ್ದು ಆ ಒಂದು ಮಾತಿನಿಂದ.

ಮೊದಲು ಕೊಪ್ಪಳದ ಆಟದ ಸಾಮಾನಿನ ಅಂಗಡಿಗೆ ಹೋದೆ. ಅವನು ಕ್ರಿಕೆಟ್ ವಿಕೆಟ್‌ಕೀಪರನ ಕೈಗವಸು ತೋರಿಸಿ, ಇದರಲ್ಲಿ ನೀರು ಚೆನ್ನಾಗಿ ತಳ್ಳಬಹುದು ಎಂದ. ಗಂಗಾವತಿಯಲ್ಲಿ ಕಾಲುವೆ ಇದೆ, ನೀರಿನ ಊರು, ಅಲ್ಲಿ ಸಿಗಬಹುದೆಂಬ ತರ್ಕ ಹೂಡಿ ಬಸ್ಸು ಹತ್ತಿದೆ. ಅಲ್ಲಿಯ ಅಂಗಡಿಯವನು ಬಹಳ ಹೊತ್ತು ಯೋಚಿಸಿ, ಭತ್ತಕ್ಕೆ ಔಷಧ ಹೊಡೆಯುವವರು ಮೂಗಿಗೆ ಕಟ್ಟುವ ಮಾಸ್ಕು ತಂದು ಮೇಜಿನ ಮೇಲಿಟ್ಟ. "ಇದು ನೀರಾಗ ನಡಿಯಂಗಿಲ್ಲಲ್ಲಪ್ಪ" ಎಂದೆ. "ನಡಿಯಂಗಿಲ್ರಿ. ಆದ್ರ ಸಮುದ್ರಕ್ಕ ಹೋಗೋರು ಗಂಗಾವತಿಗೆ ಯಾಕ ಬರಬೇಕ್ರಿ?" ಎಂದು ಅವನು ಕೇಳಿದ. ಸೋನಾ ಮಸೂರಿ ಅಕ್ಕಿ ಕೊಂಡು ವಾಪಸು ಬಂದೆ.

ಕೊನೆಗೆ ಮೊಬೈಲಿನಲ್ಲಿ ಆರ್ಡರು ಮಾಡುವುದೆಂದಾಯಿತು. ಅದರಲ್ಲಿ ಎದೆ, ಸೊಂಟ, ಎತ್ತರ ಎಂದು ದೊಡ್ಡ ಕೋಷ್ಟಕವೇ ಇತ್ತು. "ಅಲ್ರೀ, ಹುಡುಗೀದು ಒಮ್ಮೆ ಅಳತಿ ತಗೋರಿ" ಎಂದಳು ಸುಜಾತಾ. "ಊರ ಹೊಲಾನೆಲ್ಲ ಅಳದಾಂವಗ ಮಗಳ ಅಳತಿ ಗೊತ್ತಿಲ್ಲೇನು?" ಎಂದು ಮೀಸೆ ತಿರುವಿದೆ. ತೀರಾ ಸಣ್ಣದು ಎಂಬಲ್ಲಿ ಬೆರಳು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಸಣ್ಣದನ್ನೂ ದಾಟಿ ಮಧ್ಯಮಕ್ಕೆ ಹೋಗಿ ಒತ್ತಿತು. ಬೆಳೆಯುವ ಹುಡುಗಿ, ಮೂರು ವರ್ಷ ನಡೆಯಲಿ ಎಂದು ಒಳಗಿನ ಅಪ್ಪ ಹೇಳಿದರು. ಫಿನ್ನು, ಮಾಸ್ಕುಗಳನ್ನೂ ದೊಡ್ಡವೇ ತರಿಸಿದೆ. ಮುಖವೂ ಬೆಳೆಯುತ್ತದಲ್ಲ!

ಪಾರ್ಸೆಲ್ಲು ಬಂತು. ಸುಮಿ ಸೂಟು ತೊಟ್ಟು ಪಡಸಾಲೆಗೆ ಬಂದಾಗ ಸೂಟು ಮುಂದೆ ಬಂತು, ಹುಡುಗಿ ಹಿಂದೆ ಬಂದಳು. ನಾನು ಧೈರ್ಯಗೆಡಲಿಲ್ಲ. ನಮ್ಮಲ್ಲಿ ಇದಕ್ಕೊಂದು ಹಳೆಯ ಪದ್ಧತಿ ಉಂಟು: ದೊಡ್ಡದನ್ನು ತಂದು ಒಳಗೆ ಮಡಿಚಿ ಹೊಲಿಸುವುದು, ಮಕ್ಕಳು ಬೆಳೆದಂತೆ ವರ್ಷಕ್ಕೊಂದು ಹೊಲಿಗೆ ಬಿಚ್ಚುವುದು. ಸೂಟನ್ನು ಹೆಗಲಿಗೆ ಹಾಕಿಕೊಂಡು ನಮ್ಮ ದರ್ಜಿ ಹುಸೇನಸಾಬನ ಅಂಗಡಿಗೆ ಹೋದೆ. ಅವನು ಆ ದಪ್ಪ ರಬ್ಬರನ್ನು ಎರಡು ಬೆರಳಲ್ಲಿ ಹಿಚುಕಿ, ಮೂಸಿ, ಮೇಜಿನ ಮೇಲೆ ಎಮ್ಮೆಯ ತೊಗಲು ಹರವಿದಂತೆ ಹರವಿದ.

"ಸಾಹೇಬ್ರ, ಇದು ಅರಿವಿ ಅಲ್ಲ. ಸೂಜಿ ಹೊಕ್ಕಲ್ಲೆಲ್ಲಾ ನೀರೂ ಹೊಕ್ಕತೈತಿ. ಆಮ್ಯಾಲೆ ನನಗ ಬೈಬ್ಯಾಡ್ರಿ."

"ನೀ ಹೊಲಿ ಮಾರಾಯಾ. ಎರಡು ಕಡೆ ಎರಡೆರಡು ಇಂಚು ಒಳಗ ಇಡು. ಬರೂ ವರ್ಷ ಬಿಚ್ಚೋಣಂತ."

ಹುಸೇನಸಾಬ ಮೂರು ಸೂಜಿ ಮುರಿದು ಹೊಲಿದುಕೊಟ್ಟ. ಕೈಯಲ್ಲಿ ಕೊಡುವಾಗ "ನಾ ಹೇಳೀನಿ ಮತ್ತ" ಎಂದು ಇನ್ನೊಮ್ಮೆ ಹೇಳಿದ.

ತರಬೇತಿಗೆ ಹದಿನೈದು ದಿನವಿದ್ದಾಗ ಮಂಜುನಾಥ ರಜೆಯ ಮೇಲೆ ತಳಕಲ್ಲಿಗೆ ಬಂದ. ಬಾವಿಯಲ್ಲೇ ಒಮ್ಮೆ ಪರೀಕ್ಷೆ ಮಾಡೋಣವೆಂದು ರವಿವಾರ ಎಲ್ಲರೂ ಹೋದೆವು. ಸುದ್ದಿ ಹೇಗೆ ಹರಡಿತೋ, ಬಾವಿಯ ಸುತ್ತ ಅರ್ಧ ಊರು ಕೂಡಿತ್ತು. ಸುಮಿ ಒಳಮಡಿಕೆಯ ಸೂಟಿನಲ್ಲಿ ಕೈಕಾಲು ಅಗಲಿಸಿಕೊಂಡು, ಹೊಲದ ಬೆರ್ಚಪ್ಪ ಎದ್ದು ನಡೆದಂತೆ ನಡೆದು ಮೆಟ್ಟಿಲಿಳಿದಳು. ಮಂಜುನಾಥ ಮೊದಲೇ ನೀರಿನಲ್ಲಿ ನಿಂತಿದ್ದ. ಅವಳು ನೀರಿಗೆ ಧುಮುಕಿದಳು. ಕತ್ತಿನ ಹತ್ತಿರ ಬಾಯ್ತೆರೆದಿದ್ದ ಸೂಟಿನೊಳಗೆ ಬಾವಿ ಗಳಗಳನೆ ನುಗ್ಗಿತು. ತೋಳು ಉಬ್ಬಿತು, ಹೊಟ್ಟೆ ಉಬ್ಬಿತು. ಮಾಸ್ಕಿನಲ್ಲಿ ನೀರು ಮೂಗಿನ ತನಕ ಏರಿ, ಅದರೊಳಗಿಂದ ಎರಡು ಕಣ್ಣು ಮಾತ್ರ ನಮ್ಮನ್ನು ನೋಡತೊಡಗಿದವು. ಕಾಲಿಗೆ ಹಾಕುವ ರಬ್ಬರಿನ ರೆಕ್ಕೆಗಳಿಗೆ ಫಿನ್ನು ಅನ್ನುತ್ತಾರೆ. ನಾನು ಬೆರಳ ಹತ್ತಿರ ಹತ್ತಿ ತುರುಕಿ ಕೊಟ್ಟಿದ್ದೆ. ಅದರಲ್ಲೊಂದು ಕಳಚಿ ತಳ ಸೇರಿತು. ಹತ್ತಿ ಮೇಲೆ ತೇಲಿತು.

ದಂಡೆಯಲ್ಲಿ ನಿಂತಿದ್ದ ನಮ್ಮ ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, "ಹುಡುಗಿ ನೀರಾಗ ಅದಾಳೋ, ನೀರು ಹುಡುಗಿ ಅಂಗ್ಯಾಗ ಐತೋ, ಯಾರಾರ ನೋಡಿ ಹೇಳ್ರಿ" ಎಂದರು. ಬಾವಿಯ ಸುತ್ತ ನಗೆ ಎದ್ದಿತು. ನಾನೂ ನಕ್ಕೆ, ನಗದಿದ್ದರೆ ಮಾನ ಹೋಗುತ್ತದೆಂದು.

ಮಂಜುನಾಥ ಅವಳನ್ನು ಮೆಟ್ಟಿಲಿಗೆ ಹತ್ತಿಸಿದ. ಹುಸೇನಸಾಬನ ಒಂದೊಂದು ಸೂಜಿತೂತಿನಿಂದಲೂ ಒಂದೊಂದು ಸಣ್ಣ ಧಾರೆ ಚಿಮ್ಮುತ್ತಿತ್ತು. "ಮಾಮಾ, ಸೂಟು ಚರ್ಮದಂಗ ಕೂಡಬೇಕು. ಇದರಾಗ ಆಕಿನ್ನ ಯಾರೂ ಇಳಸಂಗಿಲ್ಲ. ಸರಿ ಅಳತಿದು ಬರಲಿಲ್ಲಂದ್ರ ನಾಲ್ಕೂ ದಿನ ದಂಡಿ ಮ್ಯಾಲ ಕುಂತು ಶೇಂಗಾ ತಿನ್ನಬೇಕಾಗತೈತಿ ಆಕಿ" ಎಂದ.

ಸುಮಿ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಮಾಸ್ಕು ತೆಗೆದು ನೀರು ಚೆಲ್ಲಿ, ಲೆಕ್ಕದ ಉತ್ತರ ಹೇಳುವವಳ ಹಾಗೆ ಹೇಳಿದಳು. "ಅಪ್ಪಾ, ನೀ ಯಾವಾಗ್ಲೂ ಮುಂದಿನ ವರ್ಷದ ಸುಮಿಗೆ ತರ್ತಿ. ಈ ವರ್ಷದ ಸುಮಿಗೆ ಇನ್ನೂ ಏನೂ ತಂದಿಲ್ಲ."

ನನ್ನ ಏಳನೆಯ ತರಗತಿಯ ಫೋಟೋ ನೆನಪಾಯಿತು. ಅದರಲ್ಲಿ ಎದ್ದು ಕಾಣುವುದು ನನ್ನ ಅಂಗಿ. ನಾನು ಅದರೊಳಗೆ ಎಲ್ಲೋ ಇದ್ದೇನೆ. ಆ ದಿನ ಅಪ್ಪನಿಗೆ ಹೇಳಬೇಕೆಂದು ಹೇಳಲಾಗದೆ ನುಂಗಿದ ಮಾತನ್ನೇ ನನ್ನ ಮಗಳು ಅರ್ಧ ಊರಿನ ಎದುರು ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ ಎಂದು ನಾಚಿಕೆಯೂ ಆಯಿತು, ಒಳಗೊಳಗೇ ಖುಷಿಯೂ ಆಯಿತು.

ಹೊಲಿಗೆ ಬಿದ್ದ ಸೂಟನ್ನು ಮಾರಿದವರು ವಾಪಸು ತೆಗೆದುಕೊಳ್ಳಲಿಲ್ಲ. ಅಂದು ಸಂಜೆಯೇ ಸುಮಿಯನ್ನು ಪಡಸಾಲೆಯಲ್ಲಿ ನಿಲ್ಲಿಸಿ, ಜೀವನದಲ್ಲಿ ಮೊದಲ ಬಾರಿಗೆ ಅವಳ ಅಳತೆ ತೆಗೆದೆ. ಇಪ್ಪತ್ತು ವರ್ಷದ ರೂಢಿ ಬಿಡುತ್ತದೆಯೇ? ಪೂರ್ವಕ್ಕೆ ಎಡ ಭುಜ, ಪಶ್ಚಿಮಕ್ಕೆ ಬಲ ಭುಜ, ಉತ್ತರಕ್ಕೆ ತಲೆ ಎಂದು ಚಕ್ಕುಬಂದಿ ಬರೆದು ನಕ್ಷೆಯನ್ನೇ ತೆಗೆದೆ. ಎದೆಯ ಅಂಕಿಗೆ ನನ್ನ ಪೆನ್ಸಿಲು ಎರಡಿಂಚು ಸೇರಿಸಲು ಹೊರಟಿತ್ತು. ಸುಜಾತಾ ರಬ್ಬರು ತಂದು ನನ್ನ ಮುಂದಿಟ್ಟಳು.

ಹೊರಡಲು ಎರಡು ದಿನವಿರುವಾಗ ಎರಡನೆಯ ಪಾರ್ಸೆಲ್ಲು ಬಂತು. ಮಾಸ್ಕಿನ ಪರೀಕ್ಷೆಯನ್ನು ಮಂಜುನಾಥ ಫೋನಿನಲ್ಲೇ ಹೇಳಿಕೊಟ್ಟ: ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದು ಕೈ ಬಿಡಬೇಕು, ಬೀಳದಿದ್ದರೆ ಅದು ನಿನ್ನದು. ಸುಮಿ ಉಸಿರೆಳೆದು ಕೈ ಬಿಟ್ಟಳು. ಮಾಸ್ಕು ಅಲ್ಲಾಡಲಿಲ್ಲ. ಅವಳು ಕುಣಿದಳು, ಆಗಲೂ ಬೀಳಲಿಲ್ಲ. "ನೀವಾರ ಇನ್ನ ಉಸಿರಾಡ್ರಿ" ಎಂದು ಸುಜಾತಾ ನನ್ನ ಬೆನ್ನು ತಟ್ಟಿದಳು. ಸೂಟಿನೊಳಗೆ ಹೊಗಲು ಸುಮಿಗೆ ಕಾಲು ಗಂಟೆ ಹಿಡಿಯಿತು. "ಬಿಗಿ ಆತಲ್ಲವಾ" ಎಂದು ನನ್ನ ಬಾಯಿ ಅಂದೇಬಿಟ್ಟಿತು. "ಬಿಗೀನ ಇರಬೇಕಪ್ಪಾ" ಎಂದಳು. ಆ ಕರಿ ಸೂಟಿನಲ್ಲಿ ನನ್ನ ಮಗಳು ಎಷ್ಟಿದ್ದಾಳೋ ಅಷ್ಟೇ ಕಾಣುತ್ತಿದ್ದಳು, ಒಂದಿಂಚು ಹೆಚ್ಚಿಲ್ಲ, ಒಂದಿಂಚು ಕಡಿಮೆಯಿಲ್ಲ. ಅಷ್ಟು ಸಣ್ಣವಳು ಅಷ್ಟು ಚೆಂದ ಇದ್ದಾಳೆಂದು ನನಗೆ ಗೊತ್ತೇ ಇರಲಿಲ್ಲ.

ಕಾರವಾರದಲ್ಲಿ ಅವಳು ನಾಲ್ಕೂ ದಿನ ಮುಳುಗಿದಳು. ನಾನು ದಂಡೆಯಲ್ಲಿ ಕೂತು ಶೇಂಗಾ ತಿಂದೆ. ಕೊನೆಯ ದಿನ ಮೇಲೆದ್ದು ಬಂದು, ಅಂಗೈಯಷ್ಟು ದೊಡ್ಡ ನೀಲಿ ಮೀನೊಂದು ಮಾಸ್ಕಿನ ಹತ್ತಿರ ಬಂದು ತನ್ನನ್ನೇ ನೋಡಿತೆಂದು ಒಂದೇ ಉಸಿರಿಗೆ ಹೇಳಿದಳು. ಆಮೇಲೆ ನನ್ನ ಕೈ ಹಿಡಿದು ಎಳೆದಳು. "ಬಾ ಅಪ್ಪಾ, ಎದಿಮಟ್ಟ ನೀರಾಗ ನಿಂತು ಮುಖ ಅದ್ದಿದ್ರ ನಿನಗೂ ಮೀನ ಕಾಣ್ತಾವ. ನಾ ಹಿಡಕೊಂಡಿರ್ತೀನಿ."

ಈಜು ಬಾರದವರು ಲೈಫ್ ಜಾಕೆಟ್ ಹಾಕಲೇಬೇಕಂತೆ. ಅಲ್ಲಿದ್ದವನು ಯಾವ ಅಳತೆ ಎಂದು ಕೇಳಿದ. "ದೊಡ್ಡದ ಕೊಡ್ರಿ" ಎಂದೆ, ಯೋಚಿಸುವ ಮೊದಲೇ. ತೊಟ್ಟುಕೊಂಡೆ. ಅದು ಮೇಲಕ್ಕೆ ಸರಿದು ನನ್ನ ಎರಡೂ ಕಿವಿ ಮುಚ್ಚಿತು. ಸಮುದ್ರದ ಸದ್ದು ನಿಂತುಹೋಯಿತು. ಆದರೂ ಸುಮಿಯ ಮಾತು ಕೇಳಿಸಿತು.

"ಅಪ್ಪಾ, ಈ ವರ್ಷದ ನಿನಗ ತಗೋ."

ಅವನು ಒಳಗೆ ಹೋಗಿ, ಹುಡುಕಿ, ಮಕ್ಕಳಿಗೆಂದು ಇಟ್ಟಿದ್ದ ಹೊಚ್ಚ ಹೊಸದೊಂದನ್ನು ತಂದುಕೊಟ್ಟ. ಅದರ ಎದೆಯ ಮೇಲೆ ಹಳದಿ ಬಾತುಕೋಳಿಯ ಚಿತ್ರವಿತ್ತು. ನನಗೆ ಸರಿಯಾಗಿ ಕೂತಿತು.