ಚಿನ್ನಿಗೆ ಎರಡನೇ ಆಸರೆ

ನಾನು ಕಟ್ಟಿದ ವಸ್ತು ಕೆಳಗೆ ಬಿದ್ದ ಇತಿಹಾಸವೇ ಇಲ್ಲ! ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಸಂಬಳ ತೆಗೆದುಕೊಂಡು ಹೇಳುತ್ತಿದ್ದೇನೆ. ಬಿಸ್ಕತ್ತು ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತಾ ಅಧಿಕಾರಿ. ಏಣಿ ಹತ್ತಿದವನ ಸೊಂಟಕ್ಕೆ ಹಗ್ಗ ಇದೆಯೇ, ಆ ಹಗ್ಗ ತುಂಡಾದರೆ ಹಿಡಿಯಲು ಇನ್ನೊಂದು ಹಗ್ಗ ಇದೆಯೇ ಎಂದು ನೋಡುವುದೇ ನನ್ನ ಕೆಲಸ. ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದವನನ್ನೂ ನಾನು ಬಿಡುವವನಲ್ಲ. "ಎರಡನೇ ಆಸರೆ ಎಲ್ಲಯ್ಯಾ?" ಎಂದು ಕೆಳಗಿನಿಂದ ಗುಡುಗುತ್ತೇನೆ. ಆ ಗುಡುಗಿಗೆ ಬೆಚ್ಚಿ ಸ್ಟೂಲಿನಿಂದ ಬಿದ್ದವರೂ ಇದ್ದಾರೆ. ಅದು ನನ್ನ ಲೆಕ್ಕಕ್ಕೆ ಬರುವುದಿಲ್ಲ.

ಇಂಥ ನನ್ನ ಕೈಗೆ ಒಂದು ಬೇಸ್ ಗಿಟಾರ್ ಬಂತು. ಕಾರ್ಖಾನೆಯ ವಾರ್ಷಿಕೋತ್ಸವದಲ್ಲಿ ಮ್ಯಾನೇಜರ್ ಸಾಹೇಬರು ಹಾಡುವುದೆಂದು ತೀರ್ಮಾನವಾಗಿತ್ತು. ತೀರ್ಮಾನಿಸಿದವರೂ ಅವರೇ. ಡ್ರಮ್ಮಿಗೆ ಪ್ಯಾಕಿಂಗ್ ವಿಭಾಗದವನೊಬ್ಬ ಸಿಕ್ಕಿದ, ಕೀಬೋರ್ಡಿಗೆ ಕ್ಯಾಷಿಯರ್ ಸಿಕ್ಕಿದರು. "ಬೇಸ್ ಗಿಟಾರ್ ಯಾರಿಗಾದ್ರೂ ಬರುತ್ತೇನ್ರೀ?" ಎಂದು ಸಾಹೇಬರು ಕೇಳಿದ್ದೇ ತಡ, ನನ್ನ ಕೈ ನನ್ನನ್ನು ಕೇಳದೆಯೇ ಮೇಲೆದ್ದಿತು. ಕಾಲೇಜಿನಲ್ಲಿ ನುಡಿಸುತ್ತಿದ್ದೆ ಎಂದು ಹೆಂಡತಿಯ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿದ್ದೆನೆಂದರೆ, ಅದು ನಿಜವೆಂದು ನನಗೇ ನಂಬಿಕೆ ಬಂದುಬಿಟ್ಟಿತ್ತು!

ಗಿಟಾರ್ ನನ್ನದಲ್ಲ, ಹೆಂಡತಿಯ ತಮ್ಮನದು. ಇನ್ನೂ ಮದುವೆಯಾಗದ ಅವನಿಗೆ ಅದೇ ಸರ್ವಸ್ವ. ಅದಕ್ಕೆ ಚಿನ್ನಿ ಎಂದು ಹೆಸರು ಬೇರೆ ಇಟ್ಟಿದ್ದಾನೆ. ಕಡುಗೆಂಪು ಮೈ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು, ಎತ್ತಿದರೆ ಮಾತ್ರ ಅಕ್ಕಿ ಮೂಟೆಯ ಭಾರ. ಮಗಳನ್ನು ಗಂಡನ ಮನೆಗೆ ಕಳಿಸುವವನಂತೆ ಕಣ್ಣು ಒದ್ದೆ ಮಾಡಿಕೊಂಡು ಎರಡೂ ಕೈಯಲ್ಲಿ ಎತ್ತಿ ಕೊಟ್ಟ.

"ಭಾವ, ಹೆಗಲಿಗೆ ಹಾಕ್ಕೊಳ್ಳೋ ಪಟ್ಟಿಯ ತೂತು ಸಡಿಲ ಆಗಿದೆ. ಗುಂಡಿಯಿಂದ ಆಗಾಗ ಕಳಚ್ಕೊಳ್ಳುತ್ತೆ. ಅಂಗಡೀಲಿ ಅದಕ್ಕೇ ಅಂತ ಲಾಕ್ ಸಿಗುತ್ತೆ, ಒಂದು ಜೊತೆ ಹಾಕಿಸ್ಬಿಡಿ."

"ಅಂಗಡಿಯಾ? ಯಾರಿಗಯ್ಯಾ ಹೇಳ್ತಿದೀಯ? ಮನೇಲಿರೋ ಸಾಮಾನಲ್ಲೇ, ಬಿಡಿಗಾಸು ಖರ್ಚಿಲ್ಲದೆ, ಭೂಮಿ ನಡುಗಿದ್ರೂ ಕಳಚದ ಹಾಗೆ ಮಾಡ್ತೀನಿ ನೋಡ್ತಿರು!"

ನನ್ನ ಹೆಂಡತಿ ಹಲ್ಲಿನ ಡಾಕ್ಟರು. ದಿನವಿಡೀ ಊರಿನವರಿಗೆಲ್ಲ ಬಾಯಿ ತೆರೆಯಿರಿ ಎನ್ನುವ ಅವಳು ಮನೆಗೆ ಬಂದು ನನಗೊಬ್ಬನಿಗೆ ಬಾಯಿ ಮುಚ್ಚಿ ಎನ್ನುತ್ತಾಳೆ. ಅಂದೂ ಅಂದಳು. ತಮ್ಮ ಹೋದ ಮೇಲೆ ಬಾಗಿಲು ಹಾಕಿ, "ರೀ, ಅದರ ಮೇಲೆ ಒಂದು ಗೀರು ಬಿದ್ರೂ ಅವನು ಈ ಜನ್ಮದಲ್ಲಿ ನಮ್ಮನೆ ಮೆಟ್ಟಿಲು ಹತ್ತಲ್ಲ. ನನಗಿರೋನು ಅವನೊಬ್ನೇ ತಮ್ಮ. ನೆನಪಿರ್ಲಿ," ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಅಂದು ಸಂಜೆಯೇ ಕನ್ನಡಿಯ ಮುಂದೆ ನಿಂತು, ಸಭಿಕರು ಚಪ್ಪಾಳೆ ತಟ್ಟಿದಂತೆ ಊಹಿಸಿಕೊಂಡು, ಗತ್ತಿನಿಂದ ಒಂದು ಸುತ್ತು ತಿರುಗಿದೆ. ನಾನು ತಿರುಗಿದೆ, ಪಟ್ಟಿಯೂ ತಿರುಗಿತು, ಚಿನ್ನಿ ಮಾತ್ರ ನೆಟ್ಟಗೆ ಕೆಳಗೆ ಹೊರಟಳು! ದೇವರು ದೊಡ್ಡವನು, ನೆಲಕ್ಕಿಂತ ಮೊದಲು ನನ್ನ ಕಾಲಿನ ಹೆಬ್ಬೆರಳು ಸಿಕ್ಕಿತು. ಚಿನ್ನಿಗೆ ಒಂದು ಗೀರೂ ಇಲ್ಲ. ಹೆಬ್ಬೆರಳು ಊದಿಕೊಂಡು ಬದನೆಕಾಯಿಯಾಯಿತು.

ಕೂಡಲೇ ಕಾರ್ಯಾಚರಣೆಗೆ ಇಳಿದೆ. ಉಪಾಯ ಸರಳ. ಗಿಟಾರಿನ ಎರಡು ತುದಿಯಲ್ಲಿ ಒಂದೊಂದು ಲೋಹದ ಗುಂಡಿ ಇರುತ್ತದೆ. ಪಟ್ಟಿಯ ತೂತನ್ನು ಗುಂಡಿಗೆ ಸಿಕ್ಕಿಸಿ, ಅದರ ಮೇಲೆ ಬಿಗಿಯಾಗಿ ಒಂದು ರಬ್ಬರ್ ವಾಷರ್ ಕೂರಿಸಿದರೆ ಪಟ್ಟಿ ಎಲ್ಲಿಗೆ ಹೋಗುತ್ತದೆ? ಅಂಥ ವಾಷರ್ ಎಲ್ಲಿದೆ? ಅಡುಗೆಮನೆಯ ನಲ್ಲಿಯಲ್ಲಿ! ನೀರಿನ ವಾಲ್ವ್ ಮುಚ್ಚಿ, ನಲ್ಲಿ ಬಿಚ್ಚಿ, ವಾಷರ್ ತೆಗೆದು ಪಟ್ಟಿ ಕಳಚಿದ ಗುಂಡಿಗೆ ಕೂರಿಸಿ, ನಲ್ಲಿಯನ್ನು ಮೊದಲಿನಂತೆಯೇ ಜೋಡಿಸಿಟ್ಟೆ. ಹೆಂಡತಿಗೆ ಹೇಳಬೇಕೆಂದುಕೊಂಡಿದ್ದೆ. ಆದರೆ ನನ್ನ ಕೈಚಳಕವನ್ನು ಮೆಚ್ಚಿಕೊಳ್ಳುತ್ತಾ ನಿದ್ದೆಹೋದೆ.

ಬೆಳಗ್ಗೆ ಕ್ಲಿನಿಕ್ಕಿಗೆ ಇಸ್ತ್ರಿ ಉಡುಪಿನಲ್ಲಿ ಸಿದ್ಧಳಾಗಿದ್ದ ಹೆಂಡತಿ, ನೀರು ಬರಲಿಲ್ಲವೆಂದು ವಾಲ್ವ್ ತಿರುಗಿಸಿದಳು. ಆಮೇಲೆ ಕೇಳಿಸಿದ್ದು ಅವಳ ಕಿರುಚಾಟ. ಓಡಿಹೋಗಿ ನೋಡಿದರೆ ಅಡುಗೆಮನೆಯಲ್ಲಿ ಕಾರಂಜಿ! ಅವಳು ಎರಡೂ ಕೈಯಿಂದ ನಲ್ಲಿಯನ್ನು ಅದುಮಿ ಹಿಡಿದಿದ್ದಾಳೆ, ಬೆರಳ ಸಂದಿನಿಂದ ನೀರು ಸೀಳಿಕೊಂಡು ಚಾವಣಿಗೆ ಬಡಿಯುತ್ತಿದೆ, ಲೋಟ ತಟ್ಟೆಗಳು ಮನೆ ಬಿಟ್ಟು ವಲಸೆ ಹೊರಟಿವೆ.

"ರೀ! ಇದರ ವಾಷರ್ ಎಲ್ಲಿ?"

"ಗಾಬರಿ ಆಗ್ಬೇಡ. ಸುರಕ್ಷಿತವಾದ ಜಾಗದಲ್ಲಿದೆ."

ಅವಳು ಒದ್ದೆ ಮುಖ ಒರೆಸಿಕೊಳ್ಳದೆಯೇ ನನ್ನನ್ನು ನೋಡಿದಳು. ಮರಗಟ್ಟಿಸುವ ಸೂಜಿ ಚುಚ್ಚದೆಯೇ ನನ್ನ ನಾಲಿಗೆ ಮರಗಟ್ಟಿತು. ವಾಷರನ್ನು ಕಿತ್ತು ತಂದು ನಲ್ಲಿಗೆ ಹಾಕಿ, ನಡುಮನೆಯವರೆಗೂ ನೆಲ ಒರೆಸಿದೆ. ಕೊನೆಗೆ ತೀರ್ಪು ಬಂತು.

"ಇನ್ಮೇಲೆ ಈ ಮನೇದು ಒಂದು ಸೂಜೀನೂ ಮುಟ್ಟಕೂಡ್ದು! ಏನು ಬೇಕಿದ್ರೂ ಕಸದ ಬುಟ್ಟಿಯಿಂದ ತಗೊಳ್ಳಿ, ಇಲ್ಲಾ ನಿಮ್ಮ ಮೈಮೇಲಿಂದ ತಗೊಳ್ಳಿ!"

ಹೆಂಡತಿಯ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದು ಜೀವನದಲ್ಲಿ ಅದೊಂದೇ ಸಲ. ಅದೇ ನನಗೆ ಮುಳುವಾಯಿತು.

ಮೊದಲು ಕಸದ ಬುಟ್ಟಿಗೆ ಕೈ ಹಾಕಿದೆ. ಕಾಫಿಪುಡಿ ಡಬ್ಬದ ಪ್ಲಾಸ್ಟಿಕ್ ಮುಚ್ಚಳ ಸಿಕ್ಕಿತು. ಅದರಿಂದ ಎರಡು ಬಿಲ್ಲೆ ಕತ್ತರಿಸಿ, ನಡುವೆ ಸಣ್ಣ ತೂತು ಕೊರೆದು, ಪಟ್ಟಿಯ ಮೇಲಿನಿಂದ ಗುಂಡಿಗೆ ಒತ್ತಿ ಕೂರಿಸಿದೆ. ಟಕ್ ಎಂದು ಕೂತಿತು. ಎಳೆದೆ, ಬರಲಿಲ್ಲ. ಮಂಚದ ಮೇಲೆ ನಿಂತು ಕುಣಿದೆ, ಕಳಚಲಿಲ್ಲ. ಹೆಂಡತಿಯೂ ಬಂದು, ಕಿತ್ತು ಬರಲೊಲ್ಲದ ದವಡೆ ಹಲ್ಲನ್ನು ಹಿಡಿದಂತೆ ಹಿಡಿದು ಜಗ್ಗಿದಳು. ಅಲ್ಲಾಡಲಿಲ್ಲ.

"ಪರ್ವಾಗಿಲ್ವೇ! ಸರಿ, ಇಲ್ಲಿಗೆ ಮುಗೀತಲ್ಲ?"

ಓದುಗರೇ, ಸಾಮಾನ್ಯ ಮನುಷ್ಯನಿಗೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಸುರಕ್ಷತಾ ಅಧಿಕಾರಿ!

"ಮುಗಿಯೋದಾ? ಬಿಲ್ಲೆ ಬಿರುಕು ಬಿಟ್ರೆ? ಎರಡನೇ ಆಸರೆ ಬೇಡ್ವಾ?"

ನನ್ನ ಶೂಗಳ ಲೇಸ್ ಬಿಚ್ಚಿ, ಒಂದೊಂದು ತುದಿಗೆ ಒಂದೊಂದರಂತೆ ಪಟ್ಟಿಯನ್ನೂ ಗುಂಡಿಯನ್ನೂ ಸೇರಿಸಿ ಬಿಗಿದೆ. ಆಗ ಇನ್ನೊಂದು ಯೋಚನೆ ಬಂತು. ಗುಂಡಿಯಿಂದ ಕಳಚದಿದ್ದರೂ ಪಟ್ಟಿ ಹೆಗಲಿನಿಂದಲೇ ಜಾರಿದರೆ? ಪ್ಯಾಂಟಿನ ಬೆಲ್ಟ್ ಬಿಚ್ಚಿ, ಪಟ್ಟಿಯ ಮೇಲೆ ಬರುವಂತೆ ಎದೆಯ ಸುತ್ತ ಕಟ್ಟಿಕೊಂಡೆ. ಬಕಲ್ ಮುಂದಿದ್ದರೆ ಚಿನ್ನಿಗೆ ಗೀರು ಬೀಳುತ್ತದೆಂದು ಅದನ್ನು ಬೆನ್ನಿಗೆ ತಿರುಗಿಸಿದೆ.

ಹೆಂಡತಿ ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಅಲ್ಲಾ, ಬೆಲ್ಟ್ ಎದೆಗೆ ಹೋದ್ರೆ ಪ್ಯಾಂಟಿನ ಗತಿ?"

"ಹೊಟ್ಟೆ ಯಾಕಿದೆ?" ಎಂದು ತಟ್ಟಿ ತೋರಿಸಿದೆ. "ಇಷ್ಟು ವರ್ಷ ನೀನು ಕರಗಿಸಿ ಕರಗಿಸಿ ಅಂತ ಪೀಡಿಸಿದ್ಯಲ್ಲ, ಇವತ್ತು ಉಪಯೋಗಕ್ಕೆ ಬಂತು ನೋಡು! ಸ್ವಲ್ಪ ಉಬ್ಬಿಸಿದ್ರೆ ಪ್ಯಾಂಟ್ ಕಲ್ಲಿನ ಹಾಗೆ ನಿಲ್ಲುತ್ತೆ."

"ಅದಕ್ಕೆ ಎರಡನೇ ಆಸರೆ?"

"ಪ್ಯಾಂಟ್ ನಿನ್ನ ತಮ್ಮನದಲ್ವಲ್ಲ!"

ಅವಳು ಕೈ ಕೊಡವಿಕೊಂಡು ಹೋದಳು. ಹಲ್ಲು ಹುಳುಕಾಗುವುದು ಖಚಿತ ಎಂದು ಗೊತ್ತಾದ ಮೇಲೂ ಮಿಠಾಯಿ ತಿನ್ನುವ ರೋಗಿಯನ್ನು ಅವಳು ಹಾಗೆಯೇ ಬಿಟ್ಟು ಹೋಗುವುದು.

ವಾರ್ಷಿಕೋತ್ಸವದ ದಿನ ಬಂತು. ಸಭಾಂಗಣ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ಚಿನ್ನಿಯನ್ನು ಕಣ್ಣಿನಲ್ಲೇ ಸವರುತ್ತಾ ಅವಳ ತಮ್ಮ. ಅವರ ಹಿಂದೆಯೇ ಪ್ಯಾಕಿಂಗ್ ವಿಭಾಗದ ಇಡೀ ಪಡೆ, ಅಂದರೆ ವರ್ಷಗಟ್ಟಲೆ ನನ್ನಿಂದ ಬೈಸಿಕೊಂಡವರು.

ವೇದಿಕೆಯ ಮೇಲೆ ಸಾಹೇಬರು ಬಂದು, "ಹಿಂದಿನ ಪರದೆ ಹತ್ರ ಯಾರೂ ಹೋಗ್ಬೇಡಿ. ಅಲ್ಲೊಂದು ಆಶ್ಚರ್ಯ ಇಟ್ಟಿದೀನಿ," ಎಂದು ಪಿಸುಗುಟ್ಟಿದರು. ನನಗೆ ಆಶ್ಚರ್ಯಗಳ ಗೊಡವೆ ಇರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಬೇರೆ. ವೇದಿಕೆ ಆಳೆತ್ತರ ಇದೆ. ಚಿನ್ನಿ ನನ್ನಿಂದ ಕಳಚುವುದಿಲ್ಲ ನಿಜ, ಆದರೆ ನಾನೇ ವೇದಿಕೆಯಿಂದ ಉರುಳಿದರೆ? ಎತ್ತರದಲ್ಲಿ ನಿಂತವನು ಗಟ್ಟಿಯಾದ ಯಾವುದಕ್ಕಾದರೂ ತನ್ನನ್ನು ಕಟ್ಟಿಕೊಂಡಿರಲೇಬೇಕು ಎಂಬ ನಿಯಮ ಬರೆದವನೇ ನಾನು! ಬ್ಯಾಗಿನಿಂದ ಕಾರ್ಖಾನೆಯ ಸುರಕ್ಷತಾ ಹಗ್ಗ ತೆಗೆದು, ಒಂದು ಕೊಕ್ಕೆಯನ್ನು ಬೆನ್ನಿನ ಬೆಲ್ಟಿಗೆ ಹಾಕಿಕೊಂಡೆ. ಇನ್ನೊಂದು ಕೊಕ್ಕೆಗೆ ಜಾಗ ಹುಡುಕಿದರೆ, ಹಿಂದಿನ ಪರದೆಯ ಕೆಳ ಅಂಚಿನಲ್ಲಿ ದಪ್ಪ ಕಬ್ಬಿಣದ ಪೈಪು! ಜಗ್ಗಿ ನೋಡಿದೆ. ಗಟ್ಟಿ ಅಂದರೆ ಗಟ್ಟಿ. ಕೊಕ್ಕೆ ಹಾಕಿಯೇಬಿಟ್ಟೆ.

ಹಾಡು ಶುರುವಾಯಿತು. ಸಾಹೇಬರು ಕಣ್ಣು ಮುಚ್ಚಿ ಹಾಡತೊಡಗಿದರು, ನಾವು ಕಿವಿ ಮುಚ್ಚಲಾಗದೆ ನುಡಿಸತೊಡಗಿದೆವು. ನಾನು ಒಂದೇ ತಂತಿಯನ್ನು ನಂಬಿಕೊಂಡು ಡುಂ ಡುಂ ಎನ್ನಿಸುತ್ತಿದ್ದೆ. ಚಿನ್ನಿ ಎದೆಗೆ ಅಂಟಿಕೊಂಡಿದ್ದಳು. ಭಾವಮೈದುನ ಹೆಬ್ಬೆರಳೆತ್ತಿ ತೋರಿಸಿದ. ನನ್ನ ಹೊಟ್ಟೆ ಹೆಮ್ಮೆಯಿಂದ ಇನ್ನಷ್ಟು ಉಬ್ಬಿ ಪ್ಯಾಂಟು ಭದ್ರವಾಯಿತು.

ಆಗ ಎಲೆಕ್ಟ್ರಿಷಿಯನ್ ಸ್ವಿಚ್ ಒತ್ತಿದ.

ಹಿಂದಿನ ಪರದೆ ಪೈಪಿನ ಸಮೇತ ಮೇಲೇಳತೊಡಗಿತು. ಅದರ ಹಿಂದೆ ಆಶ್ಚರ್ಯ ಕಾಣಿಸಿತು, ಗೋಡೆಯಷ್ಟು ದೊಡ್ಡ ಹಲಗೆಯ ಬಿಸ್ಕತ್ತು! ಜನ ಚಪ್ಪಾಳೆ ತಟ್ಟಿದರು. ನನ್ನ ಬೆನ್ನ ಹಗ್ಗ ಬಿಗಿಯಾಯಿತು. ಹಿಮ್ಮಡಿ ಎದ್ದಿತು. ತುದಿಗಾಲಾಯಿತು. ಕೊನೆಗೆ ಕಾಲ ಕೆಳಗೆ ಏನೂ ಇಲ್ಲವಾಯಿತು. ಬಿಸ್ಕತ್ತಿನ ಮುಂದೆ ಇರುವೆಯಂತೆ ನಾನು ಮೇಲೇರುತ್ತಿದ್ದೆ!

"ನಿಲ್ಸೋ! ನಿಲ್ಸೋ!" ಎಂದು ಅರಚಿದೆ. ಅದು ಹಾಡಿನ ಭಾಗವೆಂದು ಜನ ಇನ್ನೂ ಜೋರಾಗಿ ತಟ್ಟಿದರು. ಎಲೆಕ್ಟ್ರಿಷಿಯನ್ ಗಾಬರಿಯಿಂದ ಸಾಹೇಬರತ್ತ ನೋಡಿದ. ಅವರೋ ಕಣ್ಣು ಮುಚ್ಚಿಕೊಂಡೇ ತಾರಸ್ವರಕ್ಕೆ ಏರುತ್ತಾ, ಕೈಯನ್ನು ಮೇಲಕ್ಕೆ, ಇನ್ನೂ ಮೇಲಕ್ಕೆ ಎತ್ತುತ್ತಿದ್ದರು. ದೊಡ್ಡವರ ಸನ್ನೆಯೆಂದು ಅವನು ಒತ್ತಿದ ಸ್ವಿಚ್ಚನ್ನು ಬಿಡಲಿಲ್ಲ.

ಮೊದಲು ಲೇಸಿಲ್ಲದ ಎಡಗಾಲ ಶೂ ಕಳಚಿ ಡ್ರಮ್ಮಿನ ತಾಳದ ತಟ್ಟೆಗೆ ಬಿತ್ತು. ಝಣ್! ಅಂದಿನ ಇಡೀ ಹಾಡಿನಲ್ಲಿ ತಾಳಕ್ಕೆ ಸರಿಯಾಗಿ ಬಿದ್ದದ್ದು ಅದೊಂದೇ. ಬಲಗಾಲ ಶೂ ಕ್ಯಾಷಿಯರರ ಕೀಬೋರ್ಡಿಗೆ ಬಿದ್ದು ಅವರಿಗೆ ಗೊತ್ತಿಲ್ಲದ ಸ್ವರವೊಂದನ್ನು ನುಡಿಸಿತು. ಬೆಲ್ಟು ಕಂಕುಳನ್ನು ಮೇಲಕ್ಕೆ ಎಳೆದಂತೆಲ್ಲ ನನ್ನ ಹೊಟ್ಟೆ ಒಳಕ್ಕೆ ಹೋಗುತ್ತಿತ್ತು. ವರ್ಷಗಟ್ಟಲೆ ಕರಗದ ಹೊಟ್ಟೆ ಆ ಒಂದು ಗಳಿಗೆಯಲ್ಲಿ ಮಾಯ!

ಪ್ಯಾಂಟು ಒಂದು ಕ್ಷಣ ಯೋಚಿಸಿತು. ಆಮೇಲೆ ನನ್ನನ್ನು ಕೈಬಿಟ್ಟಿತು.

ಸಭಾಂಗಣ ಸ್ತಬ್ಧವಾಯಿತು. ಪಟ್ಟಾಪಟ್ಟಿ ಚಡ್ಡಿಯ ಮುಂದೆ ಚಿನ್ನಿ ಅಡ್ಡ ನಿಂತಿದ್ದಳು. ನಾನು ಅವಳನ್ನು ಕಾಪಾಡಲು ಹೊರಟವನು, ಈಗ ನನ್ನ ಮಾನವನ್ನು ಅವಳು ಕಾಪಾಡುತ್ತಿದ್ದಳು. ಆ ಮೌನದಲ್ಲಿ ಪ್ಯಾಕಿಂಗ್ ವಿಭಾಗದ ಪಡೆ ಒಂದೇ ಕೊರಳಿನಲ್ಲಿ, ನನ್ನದೇ ಗುಡುಗಿನಲ್ಲಿ, ಕೆಳಗಿನಿಂದ ಕೂಗಿತು.

"ಸಾರ್! ಎರಡನೇ ಆಸರೆ ಎಲ್ಲಿ ಸಾರ್?"

ನನ್ನನ್ನು ಇಳಿಸಿದ್ದು ಯಾರು, ಪ್ಯಾಂಟು ತೊಡಿಸಿದ್ದು ಯಾರು ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ವೇದಿಕೆಯ ಹಿಂದಿನ ಕೋಣೆಯಲ್ಲಿ ಭಾವಮೈದುನ ಓಡಿಬಂದ. ನನ್ನ ಕಡೆ ನೋಡಲೇ ಇಲ್ಲ. ಚಿನ್ನಿಯನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲವಾಗಿ ಪರೀಕ್ಷಿಸಿದ.

"ಒಂದು ಗೀರೂ ಇಲ್ಲ ಭಾವ!" ಎಂದು ನನ್ನನ್ನು ತಬ್ಬಿಕೊಂಡ. ಲೇಸುಗಳನ್ನು ಬಿಚ್ಚಿ ನನ್ನ ಕೈಗಿಟ್ಟು, "ಇವು ಸಡಿಲವಾಗಿ ಸುಮ್ನೆ ನೇತಾಡ್ತಿದ್ವು. ಹಿಡಿದಿರೋದೆಲ್ಲ ಈ ಬಿಲ್ಲೆಗಳೇ. ಇವನ್ನ ನಾನೇ ಇಟ್ಕೊಳ್ಲಾ?" ಎಂದು ಕೇಳಿದ.

ಕಸದ ಬುಟ್ಟಿಯ ಮುಚ್ಚಳ! ಅದೊಂದೇ ಸಾಕಾಗಿತ್ತು! ಹೆಂಡತಿಯೂ ಬಂದು ಬಾಗಿಲಲ್ಲಿ ನಿಂತಿದ್ದಳು. ತಮ್ಮ ನನ್ನನ್ನು ತಬ್ಬಿಕೊಂಡಿದ್ದನ್ನು ನೋಡಿ ಅವಳ ಕಣ್ಣು ತೇವವಾಗಿತ್ತು, ಅಥವಾ ನಕ್ಕೂ ನಕ್ಕೂ ಹಾಗಾಗಿತ್ತು.

ಮರುದಿನ ಬೆಳಗ್ಗೆ ಕಾರ್ಖಾನೆಗೆ ಹೊರಡಲು ಪ್ಯಾಂಟು ತೆಗೆದರೆ ಸೊಂಟದಲ್ಲಿ ಏನೋ ಬಾಲದಂತೆ ಇಳಿಬಿದ್ದಿತ್ತು. ಇನ್ನೊಂದು ಪ್ಯಾಂಟು ತೆಗೆದೆ, ಅದರಲ್ಲೂ ಇತ್ತು. ಕಪಾಟಿನಲ್ಲಿದ್ದ ನನ್ನ ಪ್ಯಾಂಟುಗಳಿಗೆಲ್ಲ ಲಾಡಿ!

"ಏನೇ ಇದು?"

ಹೆಂಡತಿ ಬೆಲ್ಟನ್ನು ನನ್ನ ಸೊಂಟಕ್ಕೆ ಬಿಗಿದು, ರೋಗಿಗೆ ಹೇಳುವ ಅದೇ ತಣ್ಣನೆಯ ದನಿಯಲ್ಲಿ ಅಂದಳು:

"ಬಾಯಿ ಮುಚ್ಕೊಂಡು ಗಂಟು ಹಾಕ್ಕೊಳ್ಳಿ. ಎರಡನೇ ಆಸರೆ ಇದ್ಯಾ ಅಂತ ಕೆಳಗೆ ನಿಂತು ನೋಡೋರು ಜಾಸ್ತಿ ಆಗಿದಾರೆ."