ನಾಲ್ಕು ಮೂರಕ್ಕಿಂತ ಕಡಿಮೆಯೆಂದು ಕಂಡುಹಿಡಿದ ವಿಮಾ ಕಂಪನಿಗೆ

ಹವಾಯಿಯ ಸಮಸ್ತ ದ್ವೀಪಗಳ ಸಮಸ್ತ ಹೆಂಗಸರ ಒಡಲಿನ ಲೆಕ್ಕವನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಕಾಯುತ್ತಿರುವವರೂ, ಬಂದ ಅರ್ಜಿಯನ್ನು ತೆರೆಯುವ ಮೊದಲೇ ಅದರ ಹಣೆಬರಹವನ್ನು ಓದಬಲ್ಲ ದಿವ್ಯದೃಷ್ಟಿಯುಳ್ಳವರೂ, 'ಪೂರ್ವಾನುಮತಿ' ಎಂಬ ಸಿಂಹಾಸನದ ಮೇಲೆ ವಿರಾಜಮಾನರೂ ಆದ, ನಮ್ಮ ಆರೋಗ್ಯ ವಿಮಾ ಕಂಪನಿಯ ತಪಾಸಣೆ ಮಂಜೂರಾತಿ ವಿಭಾಗದ ಮಹಾಮುಖ್ಯಸ್ಥರ ಸನ್ನಿಧಾನಕ್ಕೆ, ಹಿಲೊ ಪಟ್ಟಣದಿಂದ ಸ್ವಲ್ಪ ಉತ್ತರಕ್ಕಿರುವ ಪೆಪೆಎಕೆಯೊ ಊರಿನಲ್ಲಿ ಟೈರಿನ ತೂತು ಮುಚ್ಚಿ ಹೊಟ್ಟೆ ಹೊರೆಯುವ ಕಮಾಲು ಎಂಬ ಇಪ್ಪತ್ತಮೂರು ವರ್ಷದ ಪಾಮರನ ದೀರ್ಘದಂಡ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮ, ತಮ್ಮ ಸಿಬ್ಬಂದಿ ಕ್ಷೇಮ, ಫೋನಿನಲ್ಲಿ ಕಾಯುವವರಿಗಾಗಿ ತಾವು ನುಡಿಸುವ ಉಕುಲೇಲೆಯೂ ಕ್ಷೇಮ ಎಂದು ನಂಬಿದ್ದೇನೆ. ಕಳೆದ ತಿಂಗಳು ಅದನ್ನು ನಾವು ಮನೆಮಂದಿಯೆಲ್ಲ ಅಡುಗೆಮನೆಯಲ್ಲಿ ಕೂತು ನಲವತ್ತು ನಿಮಿಷ ಕೇಳಿ ಆನಂದಿಸಿದೆವು. ನಮ್ಮ ಟೂಟೂ, ಅಂದರೆ ಅಜ್ಜಿ, ಮೂರನೇ ಸುತ್ತು ಬರುವಷ್ಟರಲ್ಲಿ ಆ ರಾಗಕ್ಕೆ ತಾವೇ ಪದ ಕಟ್ಟಿ ಹಾಡಿದರು. ಪದಗಳು ತಮ್ಮ ಕಂಪನಿಯ ಕುರಿತಾಗಿಯೇ ಇದ್ದುದರಿಂದ ಅವನ್ನು ಇಲ್ಲಿ ಬರೆಯುವಂತಿಲ್ಲ.

ಪತ್ರದ ಕಾರಣ ನನ್ನ ಅಕ್ಕ ನೊಹೆಯಾ. ಊರಿನ ಶಾಲೆಯ ಅಡುಗೆಮನೆಯಲ್ಲಿ ದಿನವೂ ಮುನ್ನೂರು ಮಕ್ಕಳಿಗೆ ಅನ್ನ ಮಾಡಿ ಬಡಿಸುವವಳು. ವಯಸ್ಸು ಮೂವತ್ತೆಂಟು. ಏಳು ವರ್ಷಗಳಲ್ಲಿ ನಾಲ್ಕು ಸಲ ಬಸುರಿಯಾದಳು, ನಾಲ್ಕು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಅವಳ ಡಾಕ್ಟರಾದ ಮಿಯಾಶಿರೊ ಅವರು ತಮಗೆ ವಿನಯದಿಂದ ಬರೆದು, ರಕ್ತ ಹೆಪ್ಪುಗಟ್ಟುವ ರೀತಿಯ ಪರೀಕ್ಷೆ, ಗಂಡ ಹೆಂಡತಿ ಇಬ್ಬರ ವರ್ಣತಂತುಗಳ ಪರೀಕ್ಷೆ, ಗರ್ಭಕೋಶದ ಒಂದು ಚಿತ್ರ, ಇಷ್ಟಕ್ಕೆ ಅನುಮತಿ ಬೇಡಿದ್ದರು. ಅಕ್ಕನಿಗೆ ಅವರು ಹೇಳಿದ್ದು ಇಷ್ಟು: "ಏನಾದ್ರೂ ಸಿಕ್ಕಿದ್ರೆ ದಿನಕ್ಕೊಂದು ಸಣ್ಣ ಮಾತ್ರೆಯಲ್ಲೇ ಮುಗಿದು ಹೋಗಬಹುದು ನೊಹೆಯಾ. ಏನೂ ಸಿಗದೆಯೂ ಇರಬಹುದು. ಆದ್ರೆ ನೋಡದೆ ಐದನೇ ಸಲ ಹೋಗೋದು ಬೇಡ." ಆ ಪರೀಕ್ಷೆಗಳನ್ನು ಕೈಯಿಂದ ದುಡ್ಡು ಹಾಕಿ ಮಾಡಿಸುವ ಶಕ್ತಿ ಟೈರು ಅಂಗಡಿಗೂ ಇಲ್ಲ, ಶಾಲೆಯ ಅಡುಗೆಮನೆಗೂ ಇಲ್ಲ, ಆದ್ದರಿಂದ ಅಕ್ಕ ಎಂಟು ತಿಂಗಳಿನಿಂದ ತಮ್ಮ ಒಂದು ಸಹಿಗಾಗಿ ಕಾಯುತ್ತ, ಕ್ಯಾಲೆಂಡರ್ ಕಡೆ ನೋಡುವುದನ್ನೇ ಬಿಟ್ಟಿದ್ದಾಳೆ.

ತಮ್ಮ ಉತ್ತರ ಬಂತು. ಎಂಥ ಉತ್ತರ, ಎಂಥ ಕಾಗದ, ಮೇಲೆ ಎಂಥ ಚೆಂದದ ಕಾಮನಬಿಲ್ಲು. ನಡುವೆ ಹೆರಿಗೆಯೊಂದೂ ಆಗದೆ ಸತತವಾಗಿ ಮೂರು ಗರ್ಭ ನಷ್ಟವಾದವರಿಗೆ ಮಾತ್ರ ಈ ಪರೀಕ್ಷೆಗಳು ಸಲ್ಲುತ್ತವೆ; ಅರ್ಜಿದಾರಳಿಗೆ ಎರಡು ನಷ್ಟವಾಗಿ, ಆಮೇಲೆ ಒಂದು ಮಗುವಾಗಿ, ಆಮೇಲೆ ಮತ್ತೆರಡು ನಷ್ಟವಾಗಿರುವುದರಿಂದ ಸತತ ಮೂರು ಎಂಬುದು ಎಲ್ಲಿಯೂ ಕಂಡುಬಂದಿಲ್ಲ ಎಂದು ತಾವು ಅಪ್ಪಣೆ ಕೊಡಿಸಿದ್ದಿರಿ. ನಾಲ್ಕು ಎಂಬುದು ಮೂರಕ್ಕಿಂತ ಕಡಿಮೆ ಎಂಬ ಈ ಸಂಗತಿ ನನಗೆ ಶಾಲೆಯಲ್ಲೇ ಗೊತ್ತಿತ್ತು, ಪರೀಕ್ಷೆಯಲ್ಲಿ ಹಾಗೇ ಬರೆದೂ ಇದ್ದೆ. ಆಗ ನನ್ನನ್ನು ಎರಡು ಸಲ ಫೇಲು ಮಾಡಿದ ಮೇಷ್ಟ್ರಿಗೆ ತಮ್ಮ ಕಾಗದದ ಪ್ರತಿಯೊಂದನ್ನು ಕಳಿಸಿದ್ದೇನೆ. ಕೊನೆಯ ಸಾಲಿನಲ್ಲಿ ತಾವು, 'ಇನ್ನೊಂದು ನಷ್ಟದ ನಂತರ ಮರುಅರ್ಜಿ ಸಲ್ಲಿಸಲು ಸ್ವಾಗತ' ಎಂದು ಬರೆದಿದ್ದಿರಿ. ಆ 'ಸ್ವಾಗತ' ಎಂಬ ಮಾತಿನ ಆದರವನ್ನು ಅಕ್ಕ ಒಂದು ಸಲ ಓದಿದಳು, ಭಾವ ರೂಬೆನ್ ಒಂದು ಸಲ ಓದಿದ, ಓದಿದವನು ಎದ್ದು ಹೋಗಿ ಏನೂ ಕೊಳೆಯಾಗಿರದ ಟ್ರಕ್ಕನ್ನು ತೊಳೆಯತೊಡಗಿದ.

ಈಗ ಆ ನಡುವಿನ ಮಗುವಿನ ವಿಚಾರ. ಅವಳ ಹೆಸರು ಮಹಿನಾ, ನಾಲ್ಕು ವರ್ಷ. ಹೆತ್ತವಳು ವಾಯೊಹಿನು ಊರಿನಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಪೊಮಾಯಿ. ಪೊಮಾಯಿಗೆ ಆಗಲೇ ಮೂವರಿದ್ದರು, ಅಕ್ಕನ ಮನೆ ಖಾಲಿಯಿತ್ತು. ಒಂದು ಭಾನುವಾರ ಊಟದ ನಡುವೆ ಟೂಟೂ ಬಾಯಿ ಒರೆಸಿಕೊಂಡು, "ಈ ಸಲದ್ದು ನೊಹೆಯಾ ಮನೆಗೆ," ಎಂದರು, ಪೊಮಾಯಿ ಹೂಂ ಎಂದಳು, ಅಷ್ಟೇ. ನಾವು ಇದಕ್ಕೆ ಹಾನಾಯಿ ಎನ್ನುತ್ತೇವೆ. ಪೊಮಾಯಿ ತಿಂಗಳಿಗೊಮ್ಮೆ ಒಣಮೀನು ತೆಗೆದುಕೊಂಡು ಬರುತ್ತಾಳೆ, ಮಹಿನಾ ಅವಳನ್ನು ಆಂಟಿ ಎನ್ನುತ್ತಾಳೆ, ಅಕ್ಕನನ್ನು ಮಾಮಾ ಎನ್ನುತ್ತಾಳೆ, ಇಬ್ಬರಲ್ಲಿ ಯಾರು ಬೈದರೂ ಇನ್ನೊಬ್ಬರ ಬಳಿ ಓಡುತ್ತಾಳೆ. ಇಷ್ಟು ಕಾಲ ಈ ದ್ವೀಪಗಳಲ್ಲಿ ವ್ಯಾಪಾರ ಮಾಡುತ್ತಿರುವ ತಮಗೆ ಇದನ್ನು ವಿವರಿಸುವುದು ಸಮುದ್ರಕ್ಕೆ ಉಪ್ಪು ಮಾರಿದಂತೆ ಎಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನಡೆದದ್ದು ಬೇರೆ.

ಉಕುಲೇಲೆ ನಿಂತ ಮೇಲೆ ಬಂದವನು ತಮ್ಮ ಕಚೇರಿಯ ಹುಡುಗ ಟ್ರೆವರ್. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ದೂರಿಲ್ಲ.

"ಮೇಡಂ, ಅರ್ಜಿಯಲ್ಲಿ ಮಕ್ಕಳು ಒಂದು ಅಂತಿದೆ. ಹುಟ್ಟಿದ ವರ್ಷಾನೂ ಇದೆ," ಎಂದ.

"ಹೌದು, ನನ್ನ ಮಗಳು," ಎಂದಳು ಅಕ್ಕ.

"ಹಾಗಾದ್ರೆ ಮಧ್ಯೆ ಒಂದು ಹೆರಿಗೆ ಆಗಿದೆಯಲ್ಲ ಮೇಡಂ."

"ಹೆರಿಗೆ ಆಗಿಲ್ಲಪ್ಪ. ಮಗಳಿದ್ದಾಳೆ."

ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. "ಹೆರಿಗೆ ಆಗದೆ ಮಗಳು ಹೇಗೆ ಬಂದ್ಲು ಮೇಡಂ?"

"ಟ್ರಕ್ಕಲ್ಲಿ ಬಂದ್ಲು," ಎಂದರು ಟೂಟೂ, ಕೇಳದೆಯೇ. "ಹಿಂದಿನ ಸೀಟಲ್ಲಿ, ಪಪಾಯ ಬುಟ್ಟಿ ಪಕ್ಕ. ದಾರಿಯುದ್ದಕ್ಕೂ ಕಿರುಚಿದ್ಲು. ನಿನ್ನ ಯಂತ್ರಕ್ಕೆ ಅದನ್ನೂ ಹೇಳು ಮಗಾ."

"ಅಜ್ಜಿ, ಯಂತ್ರದಲ್ಲಿ ಟ್ರಕ್ ಅನ್ನೋ ಕಲಂ ಇಲ್ಲ."

ಇಲ್ಲಿ ತಮ್ಮ ಜಾಣ್ಮೆಯನ್ನು ಹೊಗಳದೆ ಮುಂದೆ ಹೋದರೆ ನನಗೆ ನಾಲಿಗೆ ಬೀಳುತ್ತದೆ. ಹೋದ ವರ್ಷ ಮಹಿನಾಳ ಹಲ್ಲು ನೋವಿಗೆಂದು ಅವಳನ್ನು ಅಕ್ಕನ ವಿಮೆಗೆ ಸೇರಿಸಿರೆಂದು ಬೇಡಿಕೊಂಡಾಗ, ದತ್ತಕದ ಕಾಗದವಿಲ್ಲ, ನ್ಯಾಯಾಲಯದ ಮುದ್ರೆಯಿಲ್ಲ, ಆದ್ದರಿಂದ ಈ ಮಗು ಅರ್ಜಿದಾರಳಿಗೆ ಏನೂ ಆಗಬೇಕಿಲ್ಲ ಎಂದು ಇದೇ ಕಾಮನಬಿಲ್ಲಿನ ಕಾಗದದಲ್ಲಿ ತಾವೇ ತೀರ್ಪು ಕೊಟ್ಟಿದ್ದಿರಿ. ಹಲ್ಲಿನ ಹೊತ್ತಿಗೆ ಮಗಳಲ್ಲದವಳು ಲೆಕ್ಕದ ಹೊತ್ತಿಗೆ ಮಗಳಾಗುವುದು, ಅದೂ ಆಸ್ಪತ್ರೆಯಿಲ್ಲದೆ, ಸೂಲಗಿತ್ತಿಯಿಲ್ಲದೆ, ಅಕ್ಕನಿಗೇ ಗೊತ್ತಾಗದಂತೆ ಹುಟ್ಟಿಬಿಡುವುದು, ವೈದ್ಯಲೋಕದ ಬಹುದೊಡ್ಡ ಸಾಧನೆ. ಆ ಸಾಧನೆಯನ್ನು ತಾವು ಅಲ್ಲಿಗೇ ನಿಲ್ಲಿಸಲಿಲ್ಲ. ಮರುವಾರವೇ ಅಕ್ಕನ ಹೆಸರಿಗೆ, 'ನಿಮ್ಮ ಹೆರಿಗೆಯ ನಂತರದ ತಪಾಸಣೆ ನಾಲ್ಕು ವರ್ಷಗಳಿಂದ ಬಾಕಿಯಿದೆ, ದಯವಿಟ್ಟು ತಡಮಾಡಬೇಡಿ' ಎಂಬ ಅಕ್ಕರೆಯ ಪತ್ರವೂ ಬಂತು. ಟೂಟೂ ಅದನ್ನು ಕನ್ನಡಕ ಹಾಕಿಕೊಂಡು ಓದಿ, "ಹೋಗಿ ಬಾರೇ, ಪಾಪ, ಏನು ಸಿಗತ್ತೋ ಅವರೂ ನೋಡಲಿ," ಎಂದಾಗ ಅಕ್ಕ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಳು. ಅದಕ್ಕಾಗಿ ತಮಗೆ ನಿಜವಾಗಿಯೂ ಧನ್ಯವಾದ.

ಟ್ರೆವರ್ ದನಿ ತಗ್ಗಿಸಿ ಒಂದು ಉಪಾಯ ಹೇಳಿದ್ದ. "ತಿದ್ದುಪಡಿ ಫಾರಂ ಕಳಿಸ್ತೀನಿ ಮೇಡಂ. 'ನನಗೆ ಮಕ್ಕಳಿಲ್ಲ' ಅಂತ ಒಂದು ಚೌಕ ಇರತ್ತೆ. ಅದಕ್ಕೊಂದು ಗುರುತು, ಕೆಳಗೊಂದು ಸಹಿ. ಎರಡೇ ದಿನ, ಎಲ್ಲ ಪರೀಕ್ಷೆ ಮಂಜೂರು."

ಫಾರಂ ಬಂತು. ಫ್ರಿಜ್ಜಿನ ಬಾಗಿಲಿಗೆ, ಮಹಿನಾ ಬರೆದ ಒಂದು ಆಮೆಯ ಚಿತ್ರದ ಪಕ್ಕ, ಹನ್ನೊಂದು ದಿನ ಅಂಟಿಕೊಂಡಿತ್ತು. ಭಾವ, "ನಾನು ಹಾಕ್ತೀನಿ ಸಹಿ, ನೀನು ನೋಡಬೇಡ," ಎಂದ. ಗಂಡನ ಸಹಿ ನಡೆಯುವುದಿಲ್ಲವೆಂದು ಫಾರಂನಲ್ಲೇ ದಪ್ಪಕ್ಷರದಲ್ಲಿತ್ತು. ಪೊಮಾಯಿ ಫೋನು ಮಾಡಿ, "ಹಾಕೇ ಅಕ್ಕಾ, ನಂಗೇನೂ ಬೇಜಾರಿಲ್ಲ," ಎಂದಳು. ಟೂಟೂ ತಾವೇ ಪೆನ್ನು ತಂದು ಮೇಜಿನ ಮೇಲಿಟ್ಟರು.

"ಒಂದು ಗೀಟು ತಾನೇ, ಎಳೆದುಬಿಡೇ. ಆ ಕಂಪನಿಯವ್ರಿಗೆ ಸುಳ್ಳು ಹೇಳಿದ್ರೆ ಪಾಪ ಬರಲ್ಲ, ನಾನು ವಿಚಾರಿಸಿದೀನಿ."

"ಮಹಿನಾ ಮುಂದಿನ ವರ್ಷ ಓದೋದು ಕಲೀತಾಳೆ ಟೂಟೂ," ಎಂದಳು ಅಕ್ಕ.

ಟೂಟೂ ಪೆನ್ನನ್ನು ತೆಗೆದುಕೊಂಡು ಹೋಗಿ ಎಲ್ಲಿಂದ ತಂದಿದ್ದರೋ ಅಲ್ಲೇ ಇಟ್ಟರು.

ಹನ್ನೆರಡನೇ ದಿನ ಅಕ್ಕ ಆ ಚೌಕವನ್ನು ಖಾಲಿ ಬಿಟ್ಟು, ಪಕ್ಕದ ಅಂಚಿನಲ್ಲಿ ತನ್ನ ಅಡುಗೆಪಟ್ಟಿಯ ಗುಂಡು ಅಕ್ಷರಗಳಲ್ಲಿ ಹೀಗೆ ಬರೆದಳು: 'ಒಬ್ಬಳು ಮಗಳಿದ್ದಾಳೆ. ನಾನು ಹೆತ್ತವಳಲ್ಲ. ನನ್ನ ಹೊಟ್ಟೆಯಲ್ಲಿದ್ದ ನಾಲ್ಕೂ ನಿಲ್ಲಲಿಲ್ಲ.' ಮೂರು ಸಾಲು, ಒಂದರಲ್ಲೂ ಸುಳ್ಳಿಲ್ಲ. ಕೆಳಗೆ ಸಹಿ ಮಾಡಿ ಕಳಿಸಿದಳು. ಫಾರಂ ಒಂಬತ್ತೇ ದಿನಕ್ಕೆ ವಾಪಸು ಬಂತು: ಅಂಚಿನಲ್ಲಿ ಬರೆದದ್ದನ್ನು ಯಂತ್ರ ಓದುವುದಿಲ್ಲ, ಚೌಕದಲ್ಲಿ ಗುರುತಿಲ್ಲ, ಆದ್ದರಿಂದ ಮೊದಲಿನ ತೀರ್ಮಾನವೇ ಸ್ಥಿರ.

ಮಾನ್ಯರೇ, ದೊಡ್ಡವರಾದ ತಮ್ಮಲ್ಲಿ ನಾನು ದೊಡ್ಡದನ್ನೇನೂ ಕೇಳುತ್ತಿಲ್ಲ. ನಮ್ಮ ಭಾವನ ಹಳೆಯ ಟ್ರಕ್ಕಿನ ಹಿಂದಿನ ಸೀಟನ್ನು ಅಂಗೀಕೃತ ಹೆರಿಗೆ ವಾರ್ಡೆಂದು ನೋಂದಾಯಿಸಿ, ಅಂದಿನ ಪಪಾಯ ಬುಟ್ಟಿಗೆ ಸೂಲಗಿತ್ತಿಯ ಭತ್ಯೆ ಮಂಜೂರು ಮಾಡಿಕೊಟ್ಟರೆ ಸಾಕು. ಅದು ಕಷ್ಟವಾದರೆ ಮಹಿನಾಳನ್ನು ವಾರದಲ್ಲಿ ಮೂರು ದಿನ ಮಗಳೆಂದೂ ಉಳಿದ ದಿನಗಳಲ್ಲಿ ದಾರಿಹೋಕಳೆಂದೂ ಘೋಷಿಸಿ ವೇಳಾಪಟ್ಟಿಯೊಂದನ್ನು ಕಳಿಸಿಕೊಡಿ. ಅವಳ ಹಲ್ಲು ಮಗಳಾದ ದಿನಗಳಲ್ಲಿ ಮಾತ್ರ ನೋಯುವಂತೆ ನಾವು ತಾಕೀತು ಮಾಡುತ್ತೇವೆ, ಅಕ್ಕನ ರಕ್ತವನ್ನು ಉಳಿದ ದಿನಗಳಲ್ಲಿ ಪರೀಕ್ಷಿಸಬಹುದು. ಅದೂ ಆಗದಿದ್ದರೆ, ತಮ್ಮ ಇಡೀ ಕಟ್ಟಡದಲ್ಲಿ ಕಣ್ಣಿರುವ ಯಾರಾದರೂ ಒಬ್ಬರು, ಟ್ರೆವರ್ ಆದರೂ ಸರಿ, ಊಟದ ಬಿಡುವಿನಲ್ಲಿ ಆ ಫಾರಂ ತೆಗೆದು, ಕುತ್ತಿಗೆಯನ್ನು ಎರಡು ಅಂಗುಲ ಬಲಕ್ಕೆ ಹೊರಳಿಸಿ, ಆ ಮೂರು ಸಾಲು ಓದಲಿ. ಇಷ್ಟನ್ನೂ ಸೇರಿಸಿ ನಾನು ಕೇಳುತ್ತಿರುವುದರಲ್ಲಿ ಅಸಾಧ್ಯವಾದದ್ದು ಈ ಕೊನೆಯದೇ ಎಂದು ಬಲ್ಲೆ, ಆದರೂ ಕೇಳುತ್ತಿದ್ದೇನೆ. ಅಕ್ಕನಿಗೆ ಬರುವ ಮೇ ತಿಂಗಳಿಗೆ ಮೂವತ್ತೊಂಬತ್ತು.

ಈ ಪತ್ರದ ಒಂದು ಪ್ರತಿ ತಮಗೆ, ಒಂದು ಪ್ರತಿ ನಮ್ಮೂರ ಅಂಗಡಿಯ ಗೋಡೆಗೆ. ಅಲ್ಲಿ ಕಳೆದುಹೋದ ಆಡೊಂದರ ಜಾಹೀರಾತಿನ ಕೆಳಗೆ ಒಳ್ಳೆಯ ಜಾಗ ಸಿಕ್ಕಿದೆ. ಆಡು ಸಿಕ್ಕಿತಂತೆ, ಗೋಡೆಯ ಕೈಗುಣ ಚೆನ್ನಾಗಿದೆ.

ತಮ್ಮ ದಿವ್ಯದೃಷ್ಟಿ ಅಂಚಿನವರೆಗೂ ಹರಿಯಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಕಮಾಲು
ಪೆಪೆಎಕೆಯೊ

ಮರೆತ ಮಾತು: ತಮ್ಮ ಯಂತ್ರ ಅಂಚನ್ನು ಓದುವುದಿಲ್ಲವಾದ್ದರಿಂದ ಇದನ್ನು ಧೈರ್ಯವಾಗಿ ಅಂಚಿನಲ್ಲೇ ಬರೆಯುತ್ತಿದ್ದೇನೆ. ಮೊದಲ ಅರ್ಜಿಯನ್ನು ಡಾಕ್ಟರ ಕ್ಲಿನಿಕ್ಕಿನವರು ತುಂಬಿ ಹಾಳುಮಾಡಿದರೆಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದಾರೆ, ಟೂಟೂ ಅಲ್ಲಿಗೆ ಮಾವಿನಹಣ್ಣು ಕಳಿಸುವುದನ್ನೂ ನಿಲ್ಲಿಸಿದ್ದಾರೆ. ಅದನ್ನು ತುಂಬಿದ್ದು ನಾನು. ಆ ನಾಲ್ಕು ತಾರೀಕುಗಳನ್ನು ಮತ್ತೊಮ್ಮೆ ಬರೆಯಲು ಅಕ್ಕನಿಗೆ ಕೈ ಬರಲಿಲ್ಲ, ಸಹಿ ಮಾತ್ರ ಮಾಡಿ ನನ್ನ ಮುಂದೆ ತಳ್ಳಿದಳು. ತಾರೀಕುಗಳನ್ನು ನಾನು ಎರಡೆರಡು ಸಲ ತಾಳೆ ನೋಡಿ ಬರೆದೆ. ಮಕ್ಕಳೆಷ್ಟು ಎಂಬ ಪ್ರಶ್ನೆ ಬಂದಾಗ ಮಾತ್ರ, ಪಕ್ಕದ ಕಂಸದಲ್ಲಿದ್ದ 'ಹೆತ್ತ ಮಕ್ಕಳು ಮಾತ್ರ' ಎಂಬುದನ್ನು ಓದುವ ಮೊದಲೇ, ಒಂದು ಎಂದು ಬರೆದು ಮುಗಿಸಿದ್ದೆ.